ಗುದ್ದಿದಷ್ಟೂ ನುಸಿ

ಅಣ್ಣ ನುಸಿಯನ್ನು ಗುದ್ದಿಯೇ ಕೊಲ್ಲುತ್ತಿದ್ದ. ಕಿರುಬೆರಳ ಉಗುರಿನಷ್ಟೂ ಇಲ್ಲದ, ಊದಿದರೆ ಹಾರಿಹೋಗುವ, ಉಣ್ಣೆ ಬಟ್ಟೆ ಕೊರೆಯುವ ಹುಳು ಅದು. ಬೇರೆಯವರಾದರೆ ಚಪ್ಪಾಳೆ ತಟ್ಟಿ ಮುಗಿಸುತ್ತಿದ್ದರು. ಇವನು ಅದು ಗೋಡೆಯ ಮೇಲೆ ಕೂರುವುದನ್ನೇ ಕಾದು, ಮುಷ್ಟಿ ಬಿಗಿದು, ಭುಜದಿಂದ ಬೀಸಿ ಹೊಡೆಯುತ್ತಿದ್ದ. ನುಸಿ ಬೂದಿಬಣ್ಣದ ಚುಕ್ಕೆಯಾಗುತ್ತಿತ್ತು, ಗಾರೆ ಉದುರುತ್ತಿತ್ತು, ಅವನ ಗೆಣ್ಣು ಸುಲಿದು ರಕ್ತ ಬರುತ್ತಿತ್ತು. ಗೆದ್ದವರು ಯಾರು ಎಂದು ಕೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಮನೆಯಲ್ಲಿದ್ದದ್ದಾದರೂ ಮೂವರೇ: ಅಣ್ಣ, ತಂಗಿ ಮತ್ತು ದೊರೆಸಾನಿ ಎಂಬ ಬಿಳಿ ಬೆಕ್ಕು. ಅಣ್ಣನ ಕಸುಬು ಹಳೆ ಕಟ್ಟಡ ಕೆಡವುವುದು; ಜೊತೆಯ ಆಳುಗಳು ಅವನನ್ನು ಸುತ್ತಿಗೆ ಎಂದೇ ಕರೆಯುತ್ತಿದ್ದರು. ದಿನವಿಡೀ ಗೋಡೆ ಒಡೆದು ಬಂದರೂ ಅವನ ಕೈಯ ತೀಟೆ ತೀರುತ್ತಿರಲಿಲ್ಲ. ನಡುಮನೆಯ ತೊಲೆಗೆ ಆಳೆತ್ತರದ ಕ್ಯಾನ್ವಾಸ್ ಚೀಲವೊಂದನ್ನು ತೂಗುಹಾಕಿ, ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಅದನ್ನು ಗುದ್ದುತ್ತಿದ್ದ. ಅಪ್ಪ ಸತ್ತ ವಾರವೇ ಅವನು ಚಿಂದಿ ತುಂಬಿ, ದಬ್ಬಣದಿಂದ ಬಾಯಿ ಹೊಲಿದ ಚೀಲ ಅದು. ಆರು ವರ್ಷದಲ್ಲಿ ಒಮ್ಮೆಯೂ ಬಿಚ್ಚಿರಲಿಲ್ಲ.

ತಂಗಿಯದು ರಫೂ ಕೆಲಸ. ಉಣ್ಣೆಯ ಕೋಟು, ಶಾಲುಗಳಲ್ಲಿ ನುಸಿ ಕೊರೆದ ತೂತುಗಳನ್ನು ಎಳೆಗೆ ಎಳೆ ಹೆಣೆದು ಗುರುತು ಸಿಗದಂತೆ ಮುಚ್ಚುವುದು. ನುಸಿ ಬೇರೆಯವರ ಮನೆಯಲ್ಲಿದ್ದಷ್ಟು ದಿನ ಅವಳಿಗೆ ಅನ್ನ ಹಾಕಿತು. ಅವಳದೇ ಮನೆಗೆ ಬಂದು ಅನ್ನ ಕಿತ್ತುಕೊಳ್ಳತೊಡಗಿತು. ಒಂದು ತೂತು ಮುಚ್ಚಲು ಕೊಟ್ಟ ಕೋಟನ್ನು ಐದು ತೂತಿನೊಂದಿಗೆ ವಾಪಸು ಪಡೆದ ವಕೀಲರೊಬ್ಬರು ಬಾಗಿಲಲ್ಲೇ ನಿಂತು ಬಾಯಿಗೆ ಬಂದಂತೆ ಬೈದು, ಐದನ್ನೂ ಮುಚ್ಚಿಕೊಡು ಎಂದು ಕೋಟನ್ನು ಅಲ್ಲೇ ಎಸೆದು ಹೋದರು. ಅವಳು ಬೀರು ಗುಡಿಸಿದಳು, ಹಾಸಿಗೆ ಮಗುಚಿದಳು, ಮೂಲೆ ಮೂಲೆ ಕೆರೆದಳು. ಗೂಡು ಮಾತ್ರ ಸಿಗಲಿಲ್ಲ.

ದೊರೆಸಾನಿಗೆ ಇದರ ಚಿಂತೆಯಿರಲಿಲ್ಲ. ಸಂಜೆಯಾದರೆ ಚೀಲದ ಕೆಳಗೆ ಕೂತು, ಮೇಲಕ್ಕೆ ನೆಗೆದು, ಅದರ ಹೊಲಿಗೆಯನ್ನು ಪರಪರ ಗೀರುತ್ತಿದ್ದಳು. ಚೀಲ ಹರಿಯುತ್ತಾಳೆಂದು ಅಣ್ಣ ಒದೆಯುತ್ತಿದ್ದ. ಒದೆ ಬೆಕ್ಕಿಗೆ ಬಿದ್ದರೂ ತಂಗಿಯ ಪಕ್ಕೆ ಹಿಡಿದುಕೊಳ್ಳುತ್ತಿತ್ತು. ಅಪ್ಪನ ಕಾಲವನ್ನು ಅವಳ ಮೈ ಮರೆತಿರಲಿಲ್ಲ. ಅಪ್ಪ ಗೂಟದಿಂದ ಕೋಟು ತೆಗೆಯಲು ಕೈ ಎತ್ತಿದರೂ ಸಾಕು, ಅಣ್ಣ ತಂಗಿ ಇಬ್ಬರೂ ಮಂಚದ ಕೆಳಗೆ ನುಗ್ಗುತ್ತಿದ್ದರು. ಎತ್ತಿದ ಕೈ ಕೋಟಿಗೋ ಕೆನ್ನೆಗೋ ಎಂದು ಕಾದು ನೋಡುವಷ್ಟು ಪುರುಸೊತ್ತು ಆ ಮನೆಯಲ್ಲಿ ಯಾರಿಗಿತ್ತು?

ವಕೀಲರು ಬೈದು ಹೋದ ದಿನ ಅಣ್ಣ ಒಂದು ಚೀಲ ನುಸಿಗುಳಿಗೆ ತಂದು ಮನೆಯೆಲ್ಲ ಎರಚಿದ. ದೊರೆಸಾನಿ ಒಂದು ಗುಳಿಗೆಯನ್ನು ಗೋಲಿಯಂತೆ ಉರುಳಿಸಿ ಆಡುವುದನ್ನು ಕಂಡು ತಂಗಿ ಓಡಿಬಂದು ಅದನ್ನು ಕಸಿದುಕೊಂಡಳು. ಎಲ್ಲವನ್ನೂ ಆರಿಸಿ ಹೊರಗೆ ಹಾಕಿದಳು.

"ಇದು ಬೆಕ್ಕಿಗೆ ವಿಷ ಅಣ್ಣಾ. ನೆಕ್ಕಿದ್ರೆ ಮುಗೀತು."

"ಮುಗೀಲಿ. ಅವಳ ರೋಮದಲ್ಲೇ ಮೊಟ್ಟೆ ಇರೋದು. ನುಸಿ ಸಾಕ್ತಿರೋಳೇ ಅವಳು."

"ಅವಳ ತಂಟೆಗೆ ಹೋದ್ರೆ ನೋಡು."

"ಏನ್ ಮಾಡ್ತೀಯ?" ಎಂದು ಅವನು ಮೇಜಿಗೆ ಗುದ್ದಿದ. ಸೂಜಿಗಳ ಡಬ್ಬಿ ಎಗರಿ ಬಿದ್ದು ನೂರು ಸೂಜಿ ನೆಲದ ಪಾಲಾದವು. ತಂಗಿ ಒಂದೊಂದನ್ನೇ ಹೆಕ್ಕಿದಳು.

ಭಾನುವಾರ ಅವಳು ಸಿದ್ಧವಾದ ಶಾಲುಗಳನ್ನು ಕೊಟ್ಟು ಬರುವಷ್ಟರಲ್ಲಿ ಮನೆಯೆಲ್ಲ ಗಂಟಲು ಕೆರೆಯುವ ವಾಸನೆ. ದೊರೆಸಾನಿ ಒಲೆಯ ಪಕ್ಕ ಬಿದ್ದಿದ್ದಳು. ನಾಲ್ಕೂ ಕಾಲು ಸೆಟೆದು ಅದುರುತ್ತಿದ್ದವು, ಬಾಯಿಂದ ನೊರೆ, ತಲೆ ನೆಲಕ್ಕೆ ಟಕಟಕ ಬಡಿಯುತ್ತಿತ್ತು. ಬಿಳಿ ರೋಮವೆಲ್ಲ ಎಣ್ಣೆ ಹಚ್ಚಿದಂತೆ ಒದ್ದೆ.

"ಹುಳ ಹೋಗ್ಲಿ ಅಂತ ಅವಳಿಗೂ ನಾಲ್ಕು ಸಲ ಹೊಡೆದೆ," ಎಂದ ಅಣ್ಣ. ಅವನ ಕೈಯಲ್ಲಿದ್ದ ಸ್ಪ್ರೇ ಡಬ್ಬದ ಮೇಲೆ ನಾಯಿಯ ಚಿತ್ರವಿತ್ತು. "ಸಾಕುಪ್ರಾಣಿಗೆ ಏನೂ ಆಗಲ್ಲ ಅಂದ ಅಂಗಡಿಯವನು."

ತಂಗಿ ಹೊಡೆದಳು. ಕೆನ್ನೆಗೆ ಬಾರಿಸಿದ್ದಲ್ಲ; ಮುಷ್ಟಿ ಬಿಗಿದು, ಭುಜದಿಂದ ಬೀಸಿ, ಮೂಗಿಗೇ ಕೊಟ್ಟಳು. ಮೂಳೆ ಮುರಿದ ಸದ್ದು ಅವಳ ಕಿವಿಗೇ ಕೇಳಿಸಿತು. ರಕ್ತ ಅವನ ಮೀಸೆಯಿಂದ ಅಂಗಿಗೆ, ಅಂಗಿಯಿಂದ ನೆಲಕ್ಕೆ ಇಳಿಯಿತು. ನಾಚಿಕೆಯೆನಿಸಬೇಕಿತ್ತು, ಹಿತವೆನಿಸಿತು. ತಾನೂ ಆ ಅಪ್ಪನ ಮಗಳೇ ಎಂದು ಅವಳಿಗೆ ಗೊತ್ತಾದದ್ದು ಆಗಲೇ. ಅಣ್ಣನ ಕೈ ಮೇಲೆದ್ದಿತು.

"ಹೊಡಿ. ಅಪ್ಪನ ಕೈ ತಾನೇ, ನಂಗೇನು ಹೊಸದಲ್ಲ," ಎಂದಳು. ಕೈ ಅಲ್ಲೇ ನಿಂತಿತು. ಅವಳು ಬೆಕ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ಓಡಿದಳು.

ಪ್ರಾಣಿವೈದ್ಯೆ ಮೊದಲು ನಡುಕ ನಿಲ್ಲಿಸುವ ಸೂಜಿಮದ್ದು ಚುಚ್ಚಿದರು. ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಪಾತ್ರೆ ತೊಳೆಯುವ ಸೋಪು ಹಾಕಿ ಮೈ ತೊಳೆದರು. ದೊರೆಸಾನಿ ಒದ್ದೆಯಾಗಿ ಇಲಿಯಷ್ಟಾಗಿ ಮಲಗಿದಳು.

"ನಾಯಿ ತಡ್ಕೊಳ್ಳೋ ಮದ್ದು ಬೆಕ್ಕು ತಡ್ಕೊಳ್ಳಲ್ಲ. ಮೂರು ದಿನ ದಾಟಿದ್ರೆ ಬದುಕ್ತಾಳೆ. ಈಗ ಮಾತು ಕೊಡಲ್ಲ," ಎಂದರು ವೈದ್ಯೆ. "ಗುಳಿಗೆ ಬೇಡ, ಹೊಗೆ ಬೇಡ, ಸ್ಪ್ರೇ ಬೇಡ. ಬಟ್ಟೆನ ಪ್ಲಾಸ್ಟಿಕ್‌ನಲ್ಲಿ ಕಟ್ಟಿ ವಾರ ಪೂರ್ತಿ ಫ್ರೀಜರ್‌ನಲ್ಲಿಡಿ. ಇಡೋಕಾಗದ್ದಕ್ಕೆ ಹಬೆ ಇಸ್ತ್ರಿ ಹಾಕಿ, ಬಿಸಿಲಲ್ಲಿ ಬ್ರಷ್ ಮಾಡಿ. ಸಂದಿಗೊಂದಿಯ ಧೂಳನ್ನ ವ್ಯಾಕ್ಯೂಮ್‌ನಲ್ಲಿ ಎಳೆದು ಆವತ್ತೇ ಹೊರಗೆ ಹಾಕಿ. ಆದ್ರೆ ಗೂಡು ಸಿಗದೆ ಇದೆಲ್ಲ ದಂಡ."

"ಮನೆಯೆಲ್ಲ ಜಾಲಾಡಿದೆ ಡಾಕ್ಟರೇ. ಸಿಗಲಿಲ್ಲ."

"ಇವಳನ್ನ ಕೇಳಿದ್ರಾ? ನುಸಿ ಹಿಡಿಯೋಕೆ ಎಲ್ಲಿ ಕೂರ್ತಿದ್ಲು?"

ಬೆಕ್ಕನ್ನು ವೈದ್ಯೆಯ ಬಳಿಯೇ ಬಿಟ್ಟು ತಂಗಿ ಮನೆಗೆ ಓಡಿದಳು.

ಅವಳು ಮನೆಗೆ ಬಂದಾಗ ಅಣ್ಣ ಮೂಗಿಗೆ ಹತ್ತಿ ತುರುಕಿಕೊಂಡು ಚೀಲ ಗುದ್ದುತ್ತಿದ್ದ. ಅವಳು ಬಾಗಿಲಲ್ಲೇ ನಿಂತು ನೋಡಿದಳು. ಒಂದು ಗುದ್ದು, ಹೊಲಿಗೆಯ ಸೀಳಿನಿಂದ ಎರಡು ನುಸಿ. ಇನ್ನೊಂದು ಗುದ್ದು; ಮೂರು. ಸಿಟ್ಟಿನಲ್ಲಿ ಅವನಿಗೆ ಕಾಣುತ್ತಿರಲಿಲ್ಲ, ಅಷ್ಟೆ. ನುಸಿ ಹೆಚ್ಚಿದಷ್ಟೂ ಅವನ ಸಿಟ್ಟು ಹೆಚ್ಚಿತ್ತು, ಸಿಟ್ಟು ಹೆಚ್ಚಿದಷ್ಟೂ ಗುದ್ದು. ಮನೆಗೆ ನುಸಿ ಹರಡಿದವನು ಅವನೇ. ಜಾಗ ತೋರಿಸಿದವಳಿಗೆ ಸಿಕ್ಕಿದ್ದು ಒದೆ.

ಅವಳು ದೊಡ್ಡ ಕತ್ತರಿ ತಂದಳು.

"ಚೀಲ ಮುಟ್ಬೇಡ," ಎಂದು ಅವನು ಅವಳ ಮಣಿಕಟ್ಟು ಹಿಡಿದು ತಿರುಚಿದ. ಅವಳು ಮೊಣಕೈಯಿಂದ ಅವನ ಮುರಿದ ಮೂಗಿಗೆ ತಿವಿದಳು. ಅವನು ಕೂಗಿ ಹಿಂದೆ ಸರಿದ. ಅವಳು ಕತ್ತರಿಯ ಮೊನೆ ಚುಚ್ಚಿ, ಎರಡೂ ಕೈಯಲ್ಲಿ ಕೆಳಗೆ ಎಳೆದು, ಚೀಲದ ಹೊಟ್ಟೆ ಸೀಳಿದಳು.

ಚಿಂದಿ ಸುರಿಯಿತು, ಅದರ ಹಿಂದೆ ನುಸಿಯ ಮೋಡ. ಕೊನೆಗೆ ಧೊಪ್ಪೆಂದು ಬಿದ್ದದ್ದು ಒಂದು ಉದ್ದ ಉಣ್ಣೆಯ ಕೋಟು. ಹುಳು ಮಿಜಿಗುಡುತ್ತಿದ್ದವು, ಬೆನ್ನು ಪೂರ್ತಿ ಜರಡಿ. ಹಿತ್ತಾಳೆಯ ಗುಂಡಿಗಳನ್ನು ಕಂಡು ತಂಗಿಗೆ ಗುರುತು ಸಿಕ್ಕಿತು. ಅಪ್ಪನ ಜೊತೆಗೇ ಸುಟ್ಟೆ ಎಂದು ಅಣ್ಣ ಹೇಳಿದ್ದ ಕೋಟು.

"ಅಪ್ಪ ಬದುಕಿದ್ದಾಗ ನಾನು ಒಂದೇಟೂ ತಿರುಗಿ ಹೊಡೀಲಿಲ್ಲ," ಎಂದ ಅಣ್ಣ. ಮೂಗಿನ ಹತ್ತಿಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. "ಸತ್ತ ಮೇಲಾದ್ರೂ ಹೊಡಿಬೇಕು ಅನ್ನಿಸ್ತು."

"ಆರು ವರ್ಷ ಹೊಡೆದೆ. ಹೊಡೆದಷ್ಟೂ ಎದ್ದು ಬಂದ."

ಅವನು ಕೋಟು, ಚಿಂದಿ, ಚೀಲ ಎಲ್ಲವನ್ನೂ ಹಿತ್ತಿಲಿಗೆ ಎಳೆದು, ತಗಡಿನ ಡ್ರಮ್ಮಿನಲ್ಲಿ ಹಾಕಿ ಬೆಂಕಿಯಿಟ್ಟ. ಗುಂಡಿಗಳು ಕಪ್ಪಾಗುವವರೆಗೂ ಅಲ್ಲೇ ನಿಂತಿದ್ದ.

ಮುಂದಿನ ಮೂರು ದಿನ ಅಣ್ಣ ನೆಲ, ಗೋಡೆಗಳನ್ನು ಸೋಪು ನೀರಿನಿಂದ ಎರಡೆರಡು ಸಲ ತಿಕ್ಕಿದ, ಸಂದಿಗಳ ಧೂಳು ಎಳೆದ, ಗಿರಾಕಿಗಳ ಶಾಲುಗಳ ಗಂಟು ಹೊತ್ತು ಐಸ್‌ಕ್ರೀಮ್ ಅಂಗಡಿಯ ಫ್ರೀಜರಿನಲ್ಲಿ ಇಡಿಸಿ ಬಂದ. ನಾಲ್ಕನೆಯ ದಿನ ವೈದ್ಯೆ ಕರೆಸಿದರು. ದೊರೆಸಾನಿ ಬದುಕಿದ್ದಳು. ಬುಟ್ಟಿಯಲ್ಲಿ ತಂದು ಬಿಟ್ಟಾಗ ಹಿಂಗಾಲು ಎಳೆಯುತ್ತ ನಡುಮನೆಗೆ ನಡೆದು, ಚೀಲ ತೂಗುತ್ತಿದ್ದ ಖಾಲಿ ಕೊಕ್ಕೆಯನ್ನು ನೋಡಿ ಅದರ ಕೆಳಗೇ ಕೂತಳು. ತಂಗಿಗೆ ಅಳು ತಡೆಯಲಾಗಲಿಲ್ಲ.

ಅಂಗಳದ ಬಿಸಿಲಲ್ಲಿ ವಕೀಲರ ಕೋಟನ್ನು ಬ್ರಷ್ ಮಾಡುತ್ತಿದ್ದ ಅಣ್ಣ ಅದನ್ನು ಒಳಗೆ ತಂದ. ಬೆಕ್ಕಿನ ಕಡೆ ನೋಡಿ, ಎರಡು ಹೆಜ್ಜೆ ದೂರದಲ್ಲಿ ನಿಂತು, "ಬಂದ್ಯಾ ತಾಯಿ," ಎಂದ. ಇಷ್ಟು ವರ್ಷದಲ್ಲಿ ಅವನು ಅವಳಿಗೆ ಆಡಿದ ಮೊದಲ ಒಳ್ಳೆಯ ಮಾತು. ಆಮೇಲೆ ಕೋಟನ್ನು ಗೂಟಕ್ಕೆ ಸಿಕ್ಕಿಸಲು ಕೈ ಎತ್ತಿದ.

ದೊರೆಸಾನಿ ಕುಂಟುಗಾಲು ಎಳೆದುಕೊಂಡೇ ಮಂಚದ ಕೆಳಗೆ ನುಗ್ಗಿದಳು.

ಅಣ್ಣನ ಕೈ ಗೂಟದ ಹತ್ತಿರವೇ ನಿಂತುಬಿಟ್ಟಿತು. ಅವನು ಮೊದಲು ಮಂಚದ ಕೆಳಗಿನ ಕತ್ತಲನ್ನು, ಆಮೇಲೆ ತನ್ನ ಕೈಯನ್ನು ನೋಡಿದ. ಕೋಟನ್ನು ತಂಗಿಯ ಕೈಗೆ ಕೊಟ್ಟು, "ನೀನೇ ಹಾಕು," ಎಂದು ಅಂಗಳಕ್ಕೆ ಹೋದ.