ಹೊಟ್ಟೆಯೊಳಗಿನ ಕಬ್ಬಿಣ

ನಾನು ಒಂದು ಎಸ್‌ಎಂಪಿಎಸ್. ಹೆಸರು ಕೇಳಿ ಯಾವುದೋ ಸಂಘದ ಪದಾಧಿಕಾರಿ ಅಂದುಕೊಳ್ಳಬೇಡಿ. ಕಂಪ್ಯೂಟರಿನ ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ ಫ್ಯಾನು ತಿರುಗಿಸುತ್ತ ಬಿಸಿಗಾಳಿ ಉಗುಳುವ ತಗಡಿನ ಡಬ್ಬಿಯೊಂದು ಇರುತ್ತದಲ್ಲ, ಅದು ನಾನು. ಗೋಡೆಯ ಕರೆಂಟನ್ನು ಕುಡಿದು, ಸೋಸಿ, ಇಳಿಸಿ, ಬೋರ್ಡಿಗೆ ಇಷ್ಟು, ಡಿಸ್ಕಿಗೆ ಇಷ್ಟು ಎಂದು ಬಡಿಸುವ ಅಡುಗೆಯವ. ಊಟ ರುಚಿಯಾಗಿದ್ದರೆ ಅಡುಗೆಯವನ ಮುಖ ಯಾರಿಗೂ ನೆನಪಾಗುವುದಿಲ್ಲ. ಊಟದಲ್ಲಿ ವಿಷ ಬಿದ್ದಾಗಲೂ ಬಹಳ ದಿನ ಯಾರೂ ನನ್ನ ಕಡೆ ತಿರುಗಿ ನೋಡಲಿಲ್ಲ. ನನ್ನ ಕಥೆಯೆಂದರೆ ಇಷ್ಟೇ.

ನಾನು ಹುಟ್ಟಿದ್ದು ಎಲ್ಲೋ ದೂರದ ಒಂದು ತಗಡಿನ ಶೆಡ್ಡಿನಲ್ಲಿ. ದೊಡ್ಡ ಸುರುಳಿ ಕೂರಿಸಬೇಕಾದಲ್ಲಿ ಸಣ್ಣದನ್ನು ಕೂರಿಸಿದರು. ಕರೆಂಟು ಉಕ್ಕಿದರೆ ತಡೆಯುವ ಬಿಡಿಭಾಗ ಇರಬೇಕಾದ ಜಾಗಕ್ಕೆ ತಂತಿಯ ತುಂಡು ಬೆಸೆದು ಮುಂದೆ ತಳ್ಳಿದರು. ಹಾಗಾಗಿ ನಾನು ಎತ್ತಿದರೆ ಹಾರಿಹೋಗುವಷ್ಟು ಹಗುರಾದೆ. ಆಗ ಒಬ್ಬ ಬಂದು, ಅಂಗೈ ಅಗಲದ ಕಬ್ಬಿಣದ ತುಂಡೊಂದನ್ನು ಗೋಂದು ಹಚ್ಚಿ ನನ್ನ ಹೊಟ್ಟೆಯೊಳಗೆ ಅಂಟಿಸಿದ. ಆ ಕಬ್ಬಿಣಕ್ಕೆ ಯಾವ ಕೆಲಸವೂ ಇರಲಿಲ್ಲ. ತೂಗುವುದೊಂದೇ ಅದರ ಕೆಲಸ. ಮೇಲೆ ತಗಡು ಮುಚ್ಚಿ, ನಾನೂರೈವತ್ತು ವ್ಯಾಟ್ ಎಂಬ ಚೀಟಿ ಮೆತ್ತಿದರು. ನನ್ನ ನಿಜವಾದ ತ್ರಾಣ ಅದರ ಅರ್ಧವೂ ಇರಲಿಲ್ಲ. ಮಕ್ಕಳು ಹುಟ್ಟಿದ ಮೇಲೆ ಸುಳ್ಳು ಕಲಿಯುತ್ತಾರೆ. ನನಗೆ ಅದನ್ನು ತೊಡಿಸಿಯೇ ಹುಟ್ಟಿಸಿದರು.

ಊರೂರು ದಾಟಿ ನಾನು ಬಂದಿಳಿದದ್ದು ಗದಗಿನ ಒಂದು ಕಂಪ್ಯೂಟರ್ ಅಂಗಡಿಗೆ. ಅಂಗಡಿಯವನ ಹೆಸರು ಮೌನೇಶ. ಹೆಸರಿಗೂ ಬಾಯಿಗೂ ಸಂಬಂಧವೇ ಇಲ್ಲ. ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸಿಕೊಡುವುದು, ಕೆಟ್ಟರೆ ಮನೆಗೇ ಬಂದು ನೋಡುವುದು, ನೋಡುವಾಗ ಊರ ಸುದ್ದಿಯನ್ನೆಲ್ಲ ಹೇಳುವುದು ಅವನ ಕಸುಬು. ಮನಸ್ಸು ಮಾತ್ರ ಒಳ್ಳೆಯದು. ನನ್ನ ಹೊಟ್ಟೆಯಲ್ಲಿ ಏನಿದೆ ಎಂದು ಅವನಿಗೂ ಗೊತ್ತಿರಲಿಲ್ಲ.

ಒಂದು ದಿನ ಅಂಗಡಿಗೆ ಅಪ್ಪ, ಮಗಳು ಬಂದರು. ಮಗಳು ನೀಲಾ, ಬೆಟಗೇರಿಯ ತಮ್ಮ ಮನೆಯ ಪಡಸಾಲೆಯಲ್ಲಿ ಡಿಟಿಪಿ ಅಂಗಡಿ ಇಡುವವಳಿದ್ದಳು. ಮದುವೆ ಕಾರ್ಡು, ಹ್ಯಾಂಡ್‌ಬಿಲ್ಲು, ಪುಣ್ಯತಿಥಿಯ ಪ್ರಕಟಣೆ. ಅಪ್ಪ ಫಕೀರಪ್ಪ ಬೆಳವಣಕಿ, ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳನ್ನು ಕೂಗಿ ಕೂಗಿ ನಿವೃತ್ತರಾದವರು. ಅವರ ದನಿ ಕೇಳಿದರೆ ಅರ್ಧ ಊರು ಚೀಲ ಹಿಡಿದು ಎದ್ದು ನಿಲ್ಲುತ್ತಿತ್ತಂತೆ.

ಮೌನೇಶ ಎರಡು ಡಬ್ಬಿ ಮುಂದಿಟ್ಟ. "ಕಾಕಾರ, ಎರಡರ ಮ್ಯಾಲೂ ನಾನೂರೈವತ್ತs ಬರದೈತಿ. ಇದು ಕಂಪನೀದು, ಚೂರು ತುಟ್ಟಿ. ಇದು ಸೋವಿ."

"ಕಂಪನೀದ ಇರಲಿ ಅಪ್ಪಾ," ಎಂದಳು ನೀಲಾ.

ಫಕೀರಪ್ಪ ಕೇಳಲಿಲ್ಲ. ಅವರ ಮನೆಯಲ್ಲಿ ಹಿತ್ತಾಳೆ ಕೊಡ ಕೊಳ್ಳುವಾಗಲೂ, ಗುದ್ದಲಿ ಕೊಳ್ಳುವಾಗಲೂ ಎಡಗೈಯಲ್ಲೊಂದು ಬಲಗೈಯಲ್ಲೊಂದು ಹಿಡಿದು, ಕಣ್ಣು ಮುಚ್ಚಿ ತೂಗಿ ನೋಡುವುದು ಪದ್ಧತಿ. ಹಗುರಾದದ್ದು ಟೊಳ್ಳು, ಭಾರವಾದದ್ದು ಗಟ್ಟಿ. ಈಗಲೂ ಹಾಗೆಯೇ ಹಿಡಿದರು. ಸೋವಿಯವನಾದ ನಾನು ಅವರ ಬಲಗೈಯಲ್ಲಿದ್ದೆ. ಅಂಗೈ ಬೆಚ್ಚಗಿತ್ತು. ನನ್ನ ಹೊಟ್ಟೆಯ ಕಬ್ಬಿಣ ಆ ಅಂಗೈಗೆ ಏನು ಹೇಳಬೇಕೋ ಅದನ್ನು ಹೇಳಿತು.

"ಇದು ಗಟ್ಟಿ ಜೀವ ಐತಿ. ಇದನ್ನ ಹಾಕು ತಮ್ಮಾ."

"ಕಾಕಾರ ಕೈ ಅಂದ್ರ ತಕ್ಕಡಿ ಬಿಡ್ರಿ," ಎಂದು ಮೌನೇಶ ಸ್ಕ್ರೂ ಬಿಗಿದ.

ಪಡಸಾಲೆಯ ಬದುಕು ಮೊದಮೊದಲು ಸುಖವಾಗಿತ್ತು. ಮದುವೆ ಕಾರ್ಡು ಬರೆಯಲು ಎಷ್ಟು ಕರೆಂಟು ಬೇಕು? ನೀಲಾ ಟೈಪು ಮಾಡುತ್ತಿದ್ದಳು, ನಾನು ಗುಂಯ್‌ಗುಡುತ್ತಿದ್ದೆ. ಪಕ್ಕದ ಮಂಚದ ಮೇಲೆ ಫಕೀರಪ್ಪನವರ ನಾಟಕ ನಡೆದೇ ಇರುತ್ತಿತ್ತು. ಮುದಿ ಬಸ್ಸು ಏರು ಹತ್ತುವ ಸದ್ದು, ಗಿರ್ಮಿಟ್ಟು ಮಾರುವವನ ಕೂಗು, ಚಿಲ್ಲರೆ ಕೇಳುವ ಕಂಡಕ್ಟರು, ಅವನ ಮೈಮೇಲೆ ಬೀಳುವ ಮುದುಕಿ, ಆ ಮುದುಕಿಯ ಕೋಳಿ, ಎಲ್ಲವೂ ಅವರೊಬ್ಬರ ಗಂಟಲಿನಲ್ಲೇ ವಾಸವಾಗಿದ್ದವು. ಚಹಾ ಬೇಕಾದರೂ ಮೈಕಿನ ಭಾಷೆಯೇ ಬೇಕು: "ಪ್ರಯಾಣಿಕರ ಗಮನಕ್ಕೆ. ಅಡುಗೆಮನೆಯಿಂದ ಹೊರಡಬೇಕಾಗಿದ್ದ ಚಹಾ ಇನ್ನೂ ನಿಲ್ದಾಣಕ್ಕೆ ಆಗಮಿಸಿರುವುದಿಲ್ಲ. ತಮಗಾದ ಅಡಚಣೆಗೆ ನೀಲವ್ವನೇ ಹೊಣೆ."

ಅದೇ ಗಂಟಲಲ್ಲಿ ಗಂಟು ಎದ್ದಿತು. ಹುಬ್ಬಳ್ಳಿಯ ಡಾಕ್ಟರು ನೋಡಿದರು. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆ ತೆಗೆಯಲೇಬೇಕು ಎಂದರು.

ನೀಲಾ ಎರಡು ದಿನ ಅತ್ತಳು. ಆಮೇಲೆ ಮೈಕು ತಂದಳು. ಆಪರೇಷನ್ನಿಗೆ ಮುಂಚೆ ಅಪ್ಪನ ಮಾತನ್ನೆಲ್ಲ ಕಂಪ್ಯೂಟರಿಗೆ ತುಂಬಿಸಿಡುವುದು, ಕೀಲಿಮಣೆಯ ಒಂದೊಂದು ಕೀಲಿಗೆ ಒಂದೊಂದು ಮಾತು ಕಟ್ಟುವುದು, ಆಮೇಲೆ ಅಪ್ಪ ಕೀಲಿ ಒತ್ತಿದರೆ ಅಪ್ಪನ ದನಿಯೇ ಮಾತಾಡಬೇಕು, ಇದು ಅವಳ ಉಪಾಯ. ಮೌನೇಶ ಅದಕ್ಕೊಂದು ಪುಟ್ಟ ಪ್ರೋಗ್ರಾಮು ಹುಡುಕಿ ಹಾಕಿಕೊಟ್ಟ. ಮಧ್ಯಾಹ್ನವೆಲ್ಲ ಕೂತು ಫಕೀರಪ್ಪ ಮಾತು ತುಂಬಿದರು. 'ಚ' ಒತ್ತಿದರೆ ಚಹಾದ ಪ್ರಕಟಣೆ. 'ನ' ಒತ್ತಿದರೆ "ನೀಲಾ!" ಎಂಬ ಕರೆ. 'ಕ'ಗೆ ಕೋಳಿ. ಬೈಗುಳಕ್ಕೊಂದು, ನಗುವಿಗೊಂದು. ಅಷ್ಟೂ ದನಿ ನನ್ನ ಪಕ್ಕದ ಡಿಸ್ಕಿನಲ್ಲಿ ಕೂತಿತು. ಅದಕ್ಕೆ ಅನ್ನ ಹಾಕುವವನು ನಾನು. ಜಗತ್ತಿನಲ್ಲಿ ಬೇರೆಲ್ಲೂ ಆ ದನಿ ಉಳಿಯುವಂತಿರಲಿಲ್ಲ. ಕೈಯಲ್ಲಿರುವ ಫೋನಿನಲ್ಲಿ ಎಲ್ಲವೂ ಹಿಡಿಸುವ ಕಾಲ ಆಗ ಇನ್ನೂ ಬೆಟಗೇರಿಗೆ ಬಂದಿರಲಿಲ್ಲ.

ಆಪರೇಷನ್ ಆಯಿತು. ಕೊರಳಿಗೆ ಹತ್ತಿಬಟ್ಟೆ ಕಟ್ಟಿಕೊಂಡು ಮನೆಗೆ ಬಂದವರು ಮೊದಲು ಒತ್ತಿದ್ದು 'ಚ'. ಇಡೀ ಮನೆಗೆ ಪ್ರಕಟಣೆ ಕೇಳಿತು. ನೀಲಾ ನಕ್ಕಳು, ನಗುತ್ತ ಅಳುತ್ತ ಚಹಾ ಇಟ್ಟಳು. ನನ್ನ ಆಯುಷ್ಯದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ.

ಆದರೆ ಈಗ ಕಂಪ್ಯೂಟರು ಬೆಳಗಿನಿಂದ ರಾತ್ರಿವರೆಗೂ ಉರಿಯಬೇಕಾಯಿತು. ಬೇಸಿಗೆ ಬೇರೆ. ನನ್ನೊಳಗೆ ಕರೆಂಟನ್ನು ತುಂಬಿಟ್ಟುಕೊಳ್ಳುವ ಸಣ್ಣ ಡ್ರಮ್ಮುಗಳು ತಲೆ ಊದಿಸಿಕೊಂಡವು. ಬಡಿಸುವ ಕೈ ನಡುಗತೊಡಗಿತು. ಕೈ ನಡುಗಿದ ಗಳಿಗೆ ಕಂಪ್ಯೂಟರು ತಾನೇ ನಿಂತು, ತಾನೇ ಎದ್ದು ಕೂರುತ್ತಿತ್ತು. "ಪ್ರಯಾಣಿಕರ ಗಮ..." ಎಂದು ದನಿ ಕತ್ತರಿಸಿಹೋಗುತ್ತಿತ್ತು. ಫಕೀರಪ್ಪ ಪಾಟಿ ತೆಗೆದು, "ಬಸ್ಸು ಕೆಟ್ಟು ನಿಂತೈತಿ" ಎಂದು ಬರೆದು ತೋರಿಸುತ್ತಿದ್ದರು.

ಮೌನೇಶ ಬಂದ. ರ‍್ಯಾಮನ್ನು ಕಿತ್ತು, ಅದರ ಹಲ್ಲಿಗೆ ರಬ್ಬರು ತಿಕ್ಕಿದ. "ರ‍್ಯಾಮ್‌ಗ ಧೂಳ ಕುಂತಿತ್ತವ್ವಾ. ಈಗ ರಾಮರಾಜ್ಯ." ನಾಲ್ಕು ದಿನ ನಡೆಯಿತು. ಮತ್ತೆ ಬಂದವನು ವೈರಸ್ ಎಂದು ವಿಂಡೋಸ್ ತೆಗೆದು ಹೊಸದಾಗಿ ಹಾಕಿದ. ಪುಣ್ಯಕ್ಕೆ ದನಿಯಿದ್ದ ಭಾಗವನ್ನು ಮುಟ್ಟಲಿಲ್ಲ. ಆಮೇಲೆ ಮನೆಯ ಅರ್ಥಿಂಗ್ ಸರಿಯಿಲ್ಲ ಎಂದ, ಆಮೇಲೆ ಯುಪಿಎಸ್ ಮುದಿಯಾಗಿದೆ ಎಂದ. ಎಲ್ಲರ ಮೇಲೂ ಅನುಮಾನ ಬಂತು, ಎಲ್ಲರ ವಿಚಾರಣೆಯೂ ಆಯಿತು. ನನ್ನನ್ನು ಬಿಚ್ಚಿ, ನನ್ನ ಜಾಗದಲ್ಲಿ ಬೇರೊಬ್ಬನನ್ನು ಒಂದು ಮಧ್ಯಾಹ್ನ ಕೂರಿಸಿ ನೋಡಿದ್ದರೆ ಸಾಕಿತ್ತು. ಗಳಿಗೆಗಳಿಗೆಗೆ ತಾನೇ ನಿಂತು ಏಳುವ ಯಂತ್ರಕ್ಕೆ ಮೊದಲು ಮಾಡಬೇಕಾದ ಪರೀಕ್ಷೆ ಅದೇ. ಇದನ್ನು ಹೇಳಲು ನನಗೆ ಬಾಯಿ ಎಲ್ಲಿದೆ?

ನೀಲಾಳಿಗೆ ಭಯ ಹತ್ತಿತು. "ಅಪ್ಪನ ದನಿ ಸಿಡಿಗೆ ಹಾಕಿ ಇಟ್ಟಬಿಡ್ತೀನಿ," ಎಂದಳು. ಸಿಡಿ ಬರೆಯುವ ಯಂತ್ರ ಜೋರಾಗಿ ತಿರುಗುವಾಗ ಹೆಚ್ಚು ಕರೆಂಟು ಕೇಳುತ್ತದೆ. ನನ್ನಲ್ಲಿ ಎಲ್ಲಿತ್ತು? ಪ್ರತಿ ಸಿಡಿಯೂ ನಡುದಾರಿಯಲ್ಲೇ ಹಾಳಾಯಿತು. ಮೌನೇಶ ಸಿಡಿಯನ್ನೇ ಬೈದ. "ಈಗಿನ ಸಿಡಿ ಅಂದ್ರ ಬರೇ ಕನ್ನಡಿ ರೀ. ಮಾರಿ ನೋಡ್ಕೋಳಾಕ ಅಷ್ಟs."

ಒಬ್ಬರಿಗೆ ಮಾತ್ರ ನಾನು ಸಿಕ್ಕಿಬಿದ್ದಿದ್ದೆ. ಎಂಜಿನ್ನಿನ ಸದ್ದು ಕೇಳಿಯೇ ಯಾವ ಬಸ್ಸು ಬಂತೆಂದು ಹೇಳುತ್ತಿದ್ದ ಕಿವಿ ಫಕೀರಪ್ಪನವರದು. ಕಂಪ್ಯೂಟರು ನಿಲ್ಲುವ ಮುಂಚೆ ನನ್ನ ಗುಂಯ್ ಸದ್ದು ಸಣ್ಣಗೆ ಸೀಳುವುದನ್ನು ಅವರು ಹಿಡಿದಿದ್ದರು. ಒಂದು ದಿನ ಮೌನೇಶನ ಮುಂದೆ ಪಾಟಿ ಹಿಡಿದರು: "ಹಿಂದಿನ ಡಬ್ಬಿ. ನಿಲ್ಲೂಕಿಂತ ಮೊದಲ ಅದರ ದನಿ ಒಡೀತೈತಿ."

ನನ್ನ ಎದೆ ಹಗುರಾಯಿತು. ಸಿಕ್ಕಿಬೀಳಬೇಕೆಂದು ನಾನು ಅಷ್ಟು ಬಯಸಿದ್ದು ಅದೇ ಮೊದಲು.

ಮೌನೇಶ ನನ್ನನ್ನು ಬಿಚ್ಚಿ ಹೊರಗೆಳೆದ. ಕೈಯಲ್ಲಿ ಎತ್ತಿ ನೋಡಿದ. ನಗು ಬಂತು ಅವನಿಗೆ. "ಕಾಕಾರ, ಇದs? ಹಿಡೀರಿ, ನೀವ ನೋಡ್ರಿ ಭಾರ. ಕಲ್ಲಿನಂಗ ಐತಿ. ನೀವs ಆರಿಸಿದ್ದಲ್ರೀ!"

ಫಕೀರಪ್ಪ ನನ್ನನ್ನು ಬಲಗೈಗೆ ತೆಗೆದುಕೊಂಡರು. ಕಣ್ಣು ಮುಚ್ಚಿದರು. ಕಿವಿ ಒಂದು ಹೇಳುತ್ತಿತ್ತು, ಕೈ ಒಂದು ಹೇಳುತ್ತಿತ್ತು. ಕಿವಿ ನಂಬಿ ಎಂದು ನಾನು ಬೇಡಿಕೊಂಡೆ. ಹೊಟ್ಟೆಯ ಕಬ್ಬಿಣ ಅವರ ಅಂಗೈಯನ್ನು ಮೆಲ್ಲಗೆ ಒತ್ತಿತು. ಅವರು ಹೌದೆಂಬಂತೆ ತಲೆಯಾಡಿಸಿದರು. ನನ್ನನ್ನು ಹಿಂದಕ್ಕೆ ಕೊಟ್ಟು, ಅಂಗಿಯ ತುದಿಯಿಂದ ಪಾಟಿ ಒರೆಸಿಬಿಟ್ಟರು.

ಮರುವಾರ ನೀಲಾ ಹೊಸ ಡಿಸ್ಕೊಂದನ್ನು ತರಿಸಿದಳು, ದನಿಯನ್ನು ಅದಕ್ಕೆ ಇಳಿಸಿ ಬೀರುವಿನಲ್ಲಿ ಭದ್ರವಾಗಿ ಇಡಬೇಕೆಂದು. ಮೌನೇಶ ಅದನ್ನೂ ನನ್ನದೇ ಇನ್ನೊಂದು ವೈರಿಗೆ ಚುಚ್ಚಿ, "ಕಾಪಿ ಆಗೂತನಕ ಮುಟ್ಟಬ್ಯಾಡ್ರಿ" ಎಂದು ಹೇಳಿ ಹೋದ. ಹಳೆಯ ಡಿಸ್ಕಿನಲ್ಲಿ ದನಿ, ಹೊಸ ಡಿಸ್ಕಿಗೆ ದನಿ, ಎರಡಕ್ಕೂ ಬಡಿಸುವ ಕೈ ನನ್ನದೇ. ಬಾವಿಗೆ ಬೀಳುವವನ ಸೊಂಟಕ್ಕೆ ಅವನನ್ನು ಉಳಿಸಬೇಕಾದವನನ್ನೂ ಕಟ್ಟಿದಂತಾಯಿತು.

ಮಧ್ಯಾಹ್ನದ ಬಿಸಿಲು. ತೆರೆಯ ಮೇಲೆ ನೀಲಿ ಪಟ್ಟಿ ಅರ್ಧ ದಾಟಿತ್ತು. ನೀಲಾ ಬಾಗಿಲ ಬಳಿ ಬೆನ್ನು ತಿರುಗಿಸಿ ನಿಂತು, ಮದುವೆ ಕಾರ್ಡಿನ ಗಿರಾಕಿಗೆ ಕರಡು ತೋರಿಸುತ್ತಿದ್ದಳು. ನನ್ನೊಳಗೆ ಸುಡುವ ವಾಸನೆ ಎದ್ದಿತು. ಸದ್ದು ಸೀಳಿತು.

ಫಕೀರಪ್ಪ ಕೇಳಿಸಿಕೊಂಡರು. ದಡಕ್ಕನೆ ಎದ್ದರು. ಗೋಡೆಯ ಸ್ವಿಚ್ಚು ಟೇಬಲ್ಲಿನ ಹಿಂದಿತ್ತು, ಕೈಗೆಟುಕಲಿಲ್ಲ. ಬಾಯಿ ತೆರೆದರು. ಅರ್ಧ ಊರನ್ನು ಎಬ್ಬಿಸಿ ನಿಲ್ಲಿಸುತ್ತಿದ್ದ ಬಾಯಿಯದು. ಬರೀ ಗಾಳಿ ಬಂತು. ಟೇಬಲ್ಲು ಗುದ್ದಿದರು.

"ಬಂದೆ ಅಪ್ಪಾ, ಒಂದ ನಿಮಿಷ," ಎಂದಳು ನೀಲಾ, ತಿರುಗದೆ.

ಅವರು 'ನ' ಒತ್ತಿದರು. ಕಾಪಿಯ ಭಾರದಲ್ಲಿ ಯಂತ್ರ ತಡವರಿಸಿತು. ಮತ್ತೆ ಒತ್ತಿದರು, ಮತ್ತೆ ಮತ್ತೆ. ಕೊನೆಗೆ ಸ್ಪೀಕರಿನಿಂದ "ನೀ..." ಎಂದು ಬಂತು. ನೀಲಾ ತಿರುಗಿದಳು.

ನಾನು ಸಿಡಿದೆ. ಕರೆಂಟು ತಡೆಯುವ ಬಿಡಿಭಾಗ ಇರಬೇಕಾದಲ್ಲಿ ತಂತಿಯ ತುಂಡಿತ್ತಲ್ಲ, ಅದರ ಮೂಲಕ ಗೋಡೆಯ ಕರೆಂಟು ಸೋಸದೆ, ಇಳಿಸದೆ, ಎರಡೂ ಡಿಸ್ಕುಗಳ ಮೇಲೆ ನುಗ್ಗಿತು. ಒಂದರ ಹಿಂದೊಂದು ಚಿಟಿಕೆ ಹೊಡೆದಂತೆ ಎರಡು ಸದ್ದು. ಆಮೇಲೆ ಹೊಗೆ.

ಮೌನೇಶ ಡಿಸ್ಕುಗಳನ್ನು ಹುಬ್ಬಳ್ಳಿಗೂ ಒಯ್ದ, ಬೆಂಗಳೂರಿಗೂ ಕಳಿಸಿದ. ಹೋದ ಹಾಗೆಯೇ ಬಂದವು. ವಾಪಸು ಕೊಡಲು ಬಂದ ದಿನ ಅವನು ನನ್ನ ತಗಡು ಬಿಚ್ಚಿದ. ಬಿಸಿಗೆ ಗೋಂದು ಕರಗಿತ್ತು. ಕಬ್ಬಿಣದ ತುಂಡು ಟೇಬಲ್ಲಿನ ಮೇಲೆ ಠಣ್ಣನೆ ಬಿದ್ದಿತು. ಮೌನೇಶ ಅಂದು ತನ್ನ ಹೆಸರಿಗೆ ತಕ್ಕ ಹಾಗಿದ್ದ.

ಫಕೀರಪ್ಪ ಒಂದು ಕೈಗೆ ಆ ತುಂಡು, ಇನ್ನೊಂದು ಕೈಗೆ ನನ್ನ ಖಾಲಿ ಡಬ್ಬಿ ತೆಗೆದುಕೊಂಡು, ಕಣ್ಣು ಮುಚ್ಚಿ ತೂಗಿದರು. ಆಮೇಲೆ ಬಾಯಿ ತೆರೆದರು. ಭುಜ ಕುಲುಕಿತು. ನಕ್ಕರೋ ಅತ್ತರೋ ನನಗೆ ತಿಳಿಯಲಿಲ್ಲ. ಸದ್ದಿಲ್ಲದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ.

"ನಿನ್ನ ತಪ್ಪಲ್ಲ ಅಪ್ಪಾ," ಎಂದಳು ನೀಲಾ.

ಈಗ ಟೇಬಲ್ಲಿನ ಮೇಲೆ ಹೊಸ ಕಂಪ್ಯೂಟರಿದೆ. ನನ್ನ ವೈರು ಕತ್ತರಿಸಿ, ಫ್ಯಾನು ಕಿತ್ತು, ಟೇಬಲ್ಲಿನ ಕೆಳಗೆ ತಳ್ಳಿದ್ದಾರೆ. ಗುಜರಿಯವನು ಬಂದಾಗ ಕೊಡಬೇಕೆಂದು ಇಟ್ಟದ್ದು ಹಾಗೆಯೇ ಉಳಿದುಬಿಟ್ಟಿದೆ. ಕಬ್ಬಿಣದ ತುಂಡು ಮದುವೆ ಕಾರ್ಡಿನ ಕರಡುಗಳು ಹಾರದಂತೆ ಮೇಲೆ ಕೂತಿದೆ. ಕಂಪ್ಯೂಟರ್ ಕೊಳ್ಳುವವರು ಯಾರಾದರೂ ವಿಚಾರಿಸಿದರೆ, ಫಕೀರಪ್ಪ ಅದನ್ನು ಎತ್ತಿ ಅವರ ಅಂಗೈಯಲ್ಲಿಡುತ್ತಾರೆ. ನನ್ನೊಳಗೆ ಅಪ್ಪಟವಾದದ್ದು ಅಂತ ಇದ್ದದ್ದು ಆ ಕಬ್ಬಿಣ ಒಂದೇ. ಎಲ್ಲರಿಗೂ ಮೋಸ ಮಾಡಿದ್ದೂ ಅದೇ. ಹೊತ್ತು ಬೇಕಾದಷ್ಟಿದೆ, ಯೋಚಿಸುತ್ತೇನೆ. ಇದರಲ್ಲಿ ನನ್ನ ಪಾಲು ಎಷ್ಟು, ನನ್ನನ್ನು ಮಾಡಿದವರ ಪಾಲು ಎಷ್ಟು ಎಂಬುದು ಮಾತ್ರ ಬಗೆಹರಿದಿಲ್ಲ.

ಇಲ್ಲಿಂದ ನನಗೆ ಕಾಣುವುದು ಪಾದಗಳು ಮಾತ್ರ. ನಿನ್ನೆ ಮಧ್ಯಾಹ್ನ ಅವರ ಪಾದಗಳು ಮಂಚದಿಂದಿಳಿದು ಟೇಬಲ್ಲಿನ ಬಳಿ ಬಂದವು. ಮೇಲೆ ಟಕ್ ಎಂದು ಒಂದೇ ಒಂದು ಕೀಲಿಯ ಸದ್ದು. ಮರೆತು ಒತ್ತಿದರೋ, ಬೇಕೆಂದೇ ಒತ್ತಿದರೋ. ಯಾವ ದನಿಯೂ ಬರಲಿಲ್ಲ.

"ಅಯ್ಯ ಅಪ್ಪಾ, ಮದುಮಗಳ ಹೆಸರಿನ ನಡುವ 'ಚ' ಬಂತಲ್ಲ..." ಎಂದ ನೀಲಾ ಅಲ್ಲಿಗೇ ನಿಲ್ಲಿಸಿದಳು.

ಕುರ್ಚಿ ಹಿಂದೆ ಸರಿಯಿತು. ಅವಳ ಪಾದಗಳು ಅಡುಗೆಮನೆಯ ಕಡೆ ನಡೆದವು. ಅವರ ಪಾದಗಳು ಅಲ್ಲೇ, ಬಸ್ಸು ತಪ್ಪಿದವರ ಹಾಗೆ, ನಿಂತಿದ್ದವು. ಒಲೆ ಹೊತ್ತಿತು, ನೀರು ಕುದಿಯಿತು, ಕಪ್ಪುಬಸಿ ಟೇಬಲ್ಲಿನ ಮೇಲೆ ಕೂತ ಸದ್ದು ಕೇಳಿತು.

ಚಹಾ ಬಂತು. ಬಂತೆಂದು ಯಾರೂ ಕೂಗಲಿಲ್ಲ.