ಎಡಹೆಗಲಿನ ಕೋವಿ

ನೆಲ್ಡಾ ಹಟ್ಟನ್ ಮನೆಯ ಗ್ಯಾರೇಜಿನಲ್ಲಿ ಕಾರು ನಿಂತದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಕಾರು ಬಿಸಿಲಲ್ಲೇ ಒಣಗುತ್ತಿತ್ತು. ಒಳಗೆ ನೆರಳಲ್ಲಿ ಇರುತ್ತಿದ್ದವು ಕೋವಿಗಳು. ಹಲ್ಲಿನ ಡಾಕ್ಟರರ ಹಿಂಬದಿ ಕೋಣೆಯಲ್ಲಿ ಕೂತು ಊರಿನ ಮುದುಕ ಮುದುಕಿಯರಿಗೆಲ್ಲ ಕಟ್ಟುಹಲ್ಲು ಮಾಡಿಕೊಟ್ಟು ನಿವೃತ್ತಳಾದ ಹೆಂಗಸು ಆಕೆ. ಕೆಲಸ ಬಿಡುವಾಗ ಅಲ್ಲಿನ ಸಣ್ಣ ಅರ, ಸಣ್ಣ ಉಳಿ, ಕೊಕ್ಕೆಗಳನ್ನೆಲ್ಲ ಕೇಳಿ ಪಡೆದುಕೊಂಡು ಬಂದು, ಹಳೆಯ ಕೋವಿಗಳ ಮರಗೆಲಸಕ್ಕೆ ಹಚ್ಚಿದಳು. ಅದು ಅವಳ ಹುಚ್ಚು. ಅರ್ಕನ್ಸಾದ ಆ ಭತ್ತದ ಸೀಮೆಯಲ್ಲಿ ಕೋವಿಯಿಲ್ಲದ ಮನೆಯಿಲ್ಲ. ಚಳಿಗಾಲದಲ್ಲಿ ಉತ್ತರದಿಂದ ಬಾತುಗಳು ಇಳಿದವೆಂದರೆ ಶಾಲೆಯ ಮೇಷ್ಟರಿಂದ ಹಿಡಿದು ಚರ್ಚಿನ ಪಾದ್ರಿಯವರೆಗೆ ಎಲ್ಲರೂ ಮೊಣಕಾಲ ನೀರಿನಲ್ಲೇ.

ಆಗಸ್ಟಿನ ಒಂದು ಬೆಳಿಗ್ಗೆ ಡಾಯ್ಲ್ ಅವಳ ಗ್ಯಾರೇಜಿನ ಮುಂದೆ ತನ್ನ ಪಿಕಪ್ ನಿಲ್ಲಿಸಿದ. ಡಾಯ್ಲ್ ಒಂದು ಕಾಲಕ್ಕೆ ಅವಳ ಗಂಡ. ಬಿಟ್ಟು ಎಷ್ಟೋ ವರ್ಷವಾಗಿತ್ತು. ಜಗಳವಾಡಿ ಬಿಟ್ಟವರೂ ಅಲ್ಲ. ಅವನು ಮಿಸಿಸಿಪ್ಪಿ ನದಿಯಲ್ಲಿ ಸರಕಿನ ದೋಣಿ ತಳ್ಳುವ ಬೋಟಿನಲ್ಲಿ ಕೆಲಸಕ್ಕಿದ್ದ. ಒಂದು ತಿಂಗಳು ನೀರಿನಲ್ಲಿ, ಒಂದು ತಿಂಗಳು ಮನೆಯಲ್ಲಿ. ಬರಬರುತ್ತಾ ಮನೆಗೆ ಬಂದ ತಿಂಗಳೂ ನೆಂಟನ ಹಾಗೆ ಇದ್ದು ಹೋಗತೊಡಗಿದ. ಚೀಲದಿಂದ ಬಟ್ಟೆ ತೆಗೆಯುತ್ತಲೇ ಇರಲಿಲ್ಲ. ಒಂದು ಸಲ ನೆಲ್ಡಾ, ಇನ್ನು ಚೀಲ ಇಲ್ಲಿ ಇಡಬೇಡ ಎಂದಳು. ಅವನೂ ಇಡಲಿಲ್ಲ. ಆಮೇಲೆ ಅಂಗಡಿಯಲ್ಲೋ ಯಾರದೋ ಮಣ್ಣಿನಲ್ಲೋ ಎದುರಾದರೆ ಟೋಪಿ ಮುಟ್ಟಿ ಸರಿಯುತ್ತಿದ್ದ, ಅಷ್ಟೇ.

ಅವನ ಕೈಯಲ್ಲಿದ್ದ ಉದ್ದನೆಯ ಚೀಲ ನೋಡಿದ ಕೂಡಲೇ ಅದರೊಳಗೆ ಏನಿದೆಯೆಂದು ನೆಲ್ಡಾಳಿಗೆ ಗೊತ್ತಾಯಿತು. ಅವಳ ಅಪ್ಪ ಓರ್ವಲ್‌ನ ಕೋವಿ. ಬೆನ್ನು ಗೂನಾದ ಹಳೆಯ ಕೋವಿ. ಒಂದು ಈಡು ಹಾರಿದೊಡನೆ ಖಾಲಿ ತೋಟಾ ಪಕ್ಕಕ್ಕೆ ಚಿಮ್ಮಿ ಮುಂದಿನದು ತಾನಾಗಿ ಬಂದು ಕೂರುವಂಥದ್ದು. ಅವಳ ಬಾಲ್ಯದಲ್ಲಿ ಊರಿನ ಉಳಿದವರು ಎರಡು ಈಡು ಹೊಡೆದು ಮತ್ತೆ ತುಂಬಿಸಿಕೊಳ್ಳುವಷ್ಟರಲ್ಲಿ ಓರ್ವಲ್ ಮೂರು ಹೊಡೆದು ಪೈಪು ಹಚ್ಚಿರುತ್ತಿದ್ದ. ಅವಳು ಏಳು ವರ್ಷದವಳಿದ್ದಾಗಿಂದ ಅವನ ಜೊತೆ ಕಾಡಿಗೆ ಹೋದವಳು. ಆದರೆ ಓರ್ವಲ್ ಕಾಯಿಲೆ ಬಿದ್ದಾಗ ಕೋವಿಯನ್ನು ಅಳಿಯನ ಕೈಗೆ ಕೊಟ್ಟ. ಮಗಳು ಮಂಚದ ಪಕ್ಕದಲ್ಲೇ ನಿಂತಿದ್ದಳು. ಮದುವೆ ಮುರಿದಾಗ ಅವಳು ಅದನ್ನು ಕೇಳಲಿಲ್ಲ. ಅವನಾಗಿ ಕೊಡಲೂ ಇಲ್ಲ.

ಡಾಯ್ಲ್ ಚೀಲವನ್ನು ಬೆಂಚಿನ ಮೇಲಿಟ್ಟು, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನನ್ನ ಬಲಗಣ್ಣು ಹೋಯ್ತು ನೆಲ್," ಅಂದ. "ನಡುಮಧ್ಯಕ್ಕೆ ಮಸಿ ಬಳಿದ ಹಾಗಿದೆ. ಆ ಕಣ್ಣಲ್ಲಿ ನಿನ್ನ ಮುಖ ನೋಡಿದರೆ ಕಿವಿ ಮಾತ್ರ ಕಾಣ್ತದೆ."

"ಹೋಗಲಿ, ನಿನಗೆ ಅಷ್ಟಾದರೂ ಪುಣ್ಯ," ಅಂದಳು ನೆಲ್ಡಾ.

ಅವನು ನಕ್ಕ. ಆಮೇಲೆ ನಿಧಾನವಾಗಿ ಬಂದ ಕೆಲಸ ಹೇಳಿದ. ಎಡಗಣ್ಣು ಚೆನ್ನಾಗಿದೆ, ಇನ್ನು ಎಡಹೆಗಲಿಗೆ ಕೊಟ್ಟು ಹೊಡೆಯಬೇಕು. ಮಾವ ತನ್ನ ಬಲಗೆನ್ನೆಗೆ ಒಗ್ಗುವಂತೆ ಮರ ಬಾಗಿಸಿಕೊಂಡಿದ್ದ, ಎಡಕ್ಕೆ ಹಿಡಿದರೆ ಕಣ್ಣು ನಳಿಗೆಯ ನೇರಕ್ಕೆ ಬರುವುದೇ ಇಲ್ಲ. ದೊಡ್ಡ ಊರಿನ ಅಂಗಡಿಗೆ ಒಯ್ದು ತೋರಿಸಿದ್ದನಂತೆ. ಅವರು ಈ ಮರ ಬಿಸಾಕಿ ಪ್ಲಾಸ್ಟಿಕ್ಕಿನದು ಹಾಕೋಣ ಅಂದರಂತೆ. ಅವನಿಗೆ ಮನಸ್ಸು ಒಪ್ಪಲಿಲ್ಲ.

"ಬೇರೆ ಕೋವಿ ತಗೋಬಾರದಾ?"

"ತಗೋಬಹುದು," ಅಂದ ಡಾಯ್ಲ್. ಚೀಲವನ್ನು ಅವಳ ಕಡೆ ಸರಿಸಿದ.

ನೆಲ್ಡಾ ಚೀಲದ ಜಿಪ್ ಎಳೆದಳು. ಕೋವಿ ಖಾಲಿಯಿದೆಯೇ ಎಂದು ಕಣ್ಣಿಂದಲೂ ಕಿರುಬೆರಳಿನಿಂದಲೂ ನೋಡಿದಳು. ಎಣ್ಣೆಯ ವಾಸನೆ, ಹಳೆಯ ಮದ್ದಿನ ವಾಸನೆ, ಅದರ ಜೊತೆಗೆ ಪೈಪಿನ ತಂಬಾಕಿನ ವಾಸನೆಯೂ ಬಂದ ಹಾಗಾಯಿತು. ಅಪ್ಪ ಸತ್ತು ಅಷ್ಟು ಕಾಲವಾದ ಮೇಲೆ ಅದು ಇರಲಿಕ್ಕಿಲ್ಲ. ಅವನು ಕೆನ್ನೆ ಒತ್ತಿ ಒತ್ತಿ ಮರದ ಬಣ್ಣ ಒಂದು ಕಡೆ ಜೇನಿನಂತೆ ತಿಳಿಯಾಗಿತ್ತು. ಅವಳು ಅಲ್ಲಿ ಹೆಬ್ಬೆರಳಾಡಿಸಿದಳು. ಈ ಮನುಷ್ಯನ ಸಲುವಾಗಿ ಅಪ್ಪನ ಕೆನ್ನೆಯ ಗುರುತನ್ನು ತಾನೇ ತಿದ್ದಬೇಕೇ ಎಂದುಕೊಂಡಳು. ಆದರೂ ಬಿಟ್ಟುಹೋಗು ಎಂದಳು.

ಮುಂದಿನ ಶನಿವಾರ ಅಳತೆಗೆ ಕರೆದಳು. ಅಳತೆಯೆಂದರೆ ದರ್ಜಿಯ ಕೆಲಸದ ಹಾಗೆಯೇ. ತೋಳಿನ ಉದ್ದ, ಕತ್ತಿನ ಉದ್ದ, ಕೆನ್ನೆಮೂಳೆಯ ಎತ್ತರ ಎಲ್ಲ ನೋಡಬೇಕು. ಅವನನ್ನು ಗೋಡೆಗೆ ನಿಲ್ಲಿಸಿ ಟೇಪು ಹಿಡಿದಾಗ ಅವನ ಹೆಗಲು ಮೊದಲಿಗಿಂತ ಕುಸಿದಿರುವುದು ಅವಳಿಗೆ ತಿಳಿಯಿತು. ಬೋಟಿನ ಹಗ್ಗ ಎಳೆಯುತ್ತಿದ್ದ ಕಾಲದಲ್ಲಿ ಆ ಹೆಗಲ ಮೇಲೆ ಅಂಗಿ ಬಿಗಿಯುತ್ತಿತ್ತು. ಅವಳೇ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡುತ್ತಿದ್ದಳು. ಈಗ ಅಂಗಿ ನೇತಾಡುತ್ತಿತ್ತು. ಅವನ ಮೈಯಿಂದ ಅದೇ ಹಳೆಯ ಹಳದಿ ಸೋಪಿನ ವಾಸನೆ.

ಕೊನೆಗೆ ಅವಳು ಖಾಲಿ ಕೋವಿಯನ್ನು ಇನ್ನೊಮ್ಮೆ ಬಿಚ್ಚಿ ನೋಡಿ ಅವನ ಕೈಗೆ ಕೊಟ್ಟು, ಎದುರಿಗೆ ನಿಂತು, ಕಣ್ಣು ಮುಚ್ಚಿಕೊಂಡು ಎಡಹೆಗಲಿಗೆ ಏರಿಸು, ಆಮೇಲೆ ಕಣ್ಣು ಬಿಡು ಎಂದಳು. ನಳಿಗೆಯ ತುದಿಯಿಂದ ನೋಡಿದರೆ ಮಾತ್ರ ಹೊಡೆಯುವವನ ಕಣ್ಣು ಎಲ್ಲಿ ಕೂರುತ್ತದೆಂದು ತಿಳಿಯುವುದು.

"ಇಷ್ಟು ವರ್ಷದಲ್ಲಿ ನಿನ್ನ ಕಡೆ ಕೋವಿ ತಿರುಗಿಸೋಕೆ ಅಪ್ಪಣೆ ಸಿಕ್ಕಿದ್ದು ಇವತ್ತೇ," ಅಂದ ಡಾಯ್ಲ್, ಕಣ್ಣು ಮುಚ್ಚಿಕೊಂಡೇ.

"ಬಾಯಿ ಮುಚ್ಚು. ನೀನು ಮಾತಾಡಿದರೆ ಕೆನ್ನೆ ಅಲ್ಲಾಡ್ತದೆ."

ಅವನು ಕಣ್ಣು ಬಿಟ್ಟ. ಎಡಗಣ್ಣು ನಳಿಗೆಯ ನೇರದಿಂದ ಎರಡು ಬೆರಳು ಆಚೆ ಇತ್ತು. ಆ ಕಣ್ಣು ಮಾತ್ರ ಇಪ್ಪತ್ತರ ಹುಡುಗನ ಕಣ್ಣಿನ ಹಾಗೆಯೇ ನೀಲಿ. ನೆಲ್ಡಾ ಪೆನ್ಸಿಲ್ಲಿನಿಂದ ಮರದ ಮೇಲೆ ಗುರುತು ಹಾಕಿಕೊಂಡಳು. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿದ್ದು ಅವಳಿಗೇ ಗೊತ್ತಾಯಿತು.

ಸೇಫ್ಟಿ ಗುಂಡಿಯನ್ನು ಎಡಬೆರಳಿಗೆ ಸಿಗುವಂತೆ ತಿರುಗಿಸಿದ್ದಾಯಿತು. ಹೆಗಲಿಗೆ ತಾಗುವ ಕಡೆಗೆ ಮೆತ್ತನೆಯ ರಬ್ಬರು ಹಾಕಿದ್ದಾಯಿತು. ಉಳಿದದ್ದು ಮರ ಬಾಗಿಸುವುದು. ಕೈ ಹಿಡಿಯುವ ಸಣ್ಣ ಸೊಂಟದ ಜಾಗಕ್ಕೆ ಬಿಸಿ ಎಣ್ಣೆ ಸುರಿಯುತ್ತಾ, ಅಡ್ಡಪಟ್ಟಿಗೆ ಕಟ್ಟಿ ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಪು ಬಿಗಿಸುತ್ತಾ ಹೋಗಬೇಕು. ಅವಳು ಹಿಂದೆ ಎಷ್ಟೋ ಸಲ ಮಾಡಿದ್ದ ಕೆಲಸ. ಅರ್ಧ ದಾರಿ ಬಂದಿತ್ತು. ರೇಡಿಯೋದಲ್ಲಿ ಯಾರೋ ಭತ್ತದ ಧಾರಣೆ ಓದುತ್ತಿದ್ದರು. ಟಪ್ ಎಂದು ಸಣ್ಣ ಶಬ್ದವಾಯಿತು. ಮರ ಬಿರಿದು ಸೊಂಟದ ಉದ್ದಕ್ಕೂ ಕಪ್ಪು ಗೆರೆ ಓಡಿತು.

ನೆಲ್ಡಾ ಎಣ್ಣೆಯ ಪಾತ್ರೆ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತಳು. ಅಂಟು ಹಾಕಿ ಗೋಡೆಗೆ ನೇತು ಹಾಕಬಹುದಿತ್ತು. ಈಡು ಹಾರಿಸುವ ಹಾಗಿರಲಿಲ್ಲ. ಆತುರ ಮಾಡಿದೆನೇ? ಇಲ್ಲ. ಎಣ್ಣೆ ಕಾದದ್ದು ಸಾಲದೇ ಹೋಯಿತೇ? ಅದೂ ಅಲ್ಲ. ಹಾಗಾದರೆ ಅವನ ಹೆಗಲಿಗೆ ಇದು ಹೋಗಬಾರದೆಂದು ತನ್ನ ಕೈಯೇ ಕೆಡಿಸಿತೇ ಎಂಬ ಯೋಚನೆ ಬಂದು ಅವಳಿಗೆ ಹೆದರಿಕೆಯಾಯಿತು. ಮಧ್ಯಾಹ್ನದ ಊಟ ಸೇರಲಿಲ್ಲ. ಕೊನೆಗೆ ಫೋನು ಮಾಡಿ ಬಾ ಎಂದಳು.

ಡಾಯ್ಲ್ ಬಂದು ಬಿರುಕನ್ನು ಉಗುರಿನಿಂದ ಮುಟ್ಟಿ ನೋಡಿದ. ಬೈಯಲಿಲ್ಲ. ಹೊರಗೆ ಹೋಗಿ ಪಿಕಪ್ಪಿಗೆ ಒರಗಿ ನಿಂತ. ಅವಳೂ ಹೋಗಿ ಪಕ್ಕದಲ್ಲಿ ನಿಂತಳು.

"ಮಾವ ಇದನ್ನ ನನಗೆ ಕೊಟ್ಟಿದ್ದು ಯಾಕೆ ಗೊತ್ತಾ?" ಅಂದ.

"ನೀನು ಗಂಡಸು ಅಂತ."

"ಅಲ್ಲ ಕಣೇ. ನನ್ನ ಹತ್ತಿರ ಹೇಳಿದ್ರು. ನೆಲ್ ಒಬ್ಬಳೇ ಕಾಡಿಗೆ ಹೋಗಬಲ್ಲಳು, ನೀನು ಹೋಗಲಾರೆ. ಕೋವಿ ನಿನ್ನ ಹತ್ತಿರ ಇದ್ದರೆ ಅವಳು ನಿನ್ನನ್ನೂ ಜೊತೆಗೆ ಕರ್ಕೊಂಡು ಹೋಗ್ತಾಳೆ ಅಂತ." ಅವನು ಟೋಪಿಯ ಅಂಚು ತಿರುವಿದ. "ನಾನು ಬೋಟು ಹತ್ತಿದೆ. ನೀನು ಹೋಗೋದೇ ಬಿಟ್ಟೆ."

ರಸ್ತೆಯಾಚೆ ಗದ್ದೆಯಲ್ಲಿ ಕಟಾವಿನ ಯಂತ್ರ ಧೂಳೆಬ್ಬಿಸುತ್ತಾ ಹೋಗುತ್ತಿತ್ತು. ಅದು ಬದುವಿನ ತುದಿಗೆ ಹೋಗಿ ತಿರುಗುವವರೆಗೂ ಇಬ್ಬರೂ ಅದನ್ನೇ ನೋಡುತ್ತಾ ನಿಂತರು.

ಅವತ್ತು ಅವನು ಹೋದ ಮೇಲೆ ಅವಳು ಅಟ್ಟದಿಂದ ಒಂದು ವಾಲ್ನಟ್ ಹಲಗೆ ಇಳಿಸಿದಳು. ಹಿಮದ ಗಾಳಿಗೆ ಉರುಳಿದ ಮರದ್ದು. ಬುಡದ ಭಾಗ, ನೀರಿನಲ್ಲಿ ಹೊಗೆ ಕದಡಿದಂಥ ಗೆರೆಗಳು. ತನ್ನದೇ ಒಂದು ಕೋವಿಗೆಂದು ವರ್ಷಗಟ್ಟಲೆ ಒಣಗಿಸಿ ಇಟ್ಟುಕೊಂಡಿದ್ದಳು. ಅದರ ಮೇಲೆ ಡಾಯ್ಲ್‌ನ ಅಳತೆಯ ಗೆರೆ ಎಳೆದಳು.

ಸೆಪ್ಟೆಂಬರು, ಅಕ್ಟೋಬರು ಅದರಲ್ಲೇ ಕಳೆಯಿತು. ಉಕ್ಕಿನ ಭಾಗಕ್ಕೆ ದೀಪದ ಮಸಿ ಬಳಿದು ಮರಕ್ಕೆ ಒತ್ತುವುದು, ಕಪ್ಪು ಅಂಟಿದ ಕಡೆ ಮಾತ್ರ ಕೆರೆಯುವುದು, ಮತ್ತೆ ಒತ್ತುವುದು. ಹಲ್ಲು ಕೂರಿಸುವಾಗಲೂ ಹೀಗೆಯೇ. ಒಂದು ಚೂರು ಹೆಚ್ಚು ತೆಗೆದರೆ ಮುಗಿಯಿತು. ಡಾಯ್ಲ್ ವಾರಕ್ಕೊಮ್ಮೆ ಅಳತೆಗೆಂದು ಬರುತ್ತಿದ್ದವನು ಅಳತೆಯಿಲ್ಲದ ದಿನವೂ ಬರತೊಡಗಿದ. ಬೀನ್ಸ್ ಬೇಯಿಸಿದ್ದರೆ ಒಂದು ಬಟ್ಟಲು ತಿಂದ. ಉಪ್ಪುಕಾಗದ ಹಿಡಿದು ಉಜ್ಜಲು ಕೂತ. ಬೆಳಕು ಬಿದ್ದರೆ ಮರ ಚೆನ್ನಾಗಿ ಕಾಣುತ್ತದೆ ಎಂದು ಅವನು ಅಂದಾಗ, ನಿನ್ನ ಬಲಗಣ್ಣಿಗೆ ಕಾಣುವುದು ಅಂಚು ಮಾತ್ರ, ಸುಮ್ಮನೆ ಉಜ್ಜು ಎಂದು ಅವಳು ಗದರಿದಳು. ಅಗಸೆ ಎಣ್ಣೆ ಹಚ್ಚುವ ಹೊತ್ತಿಗೆ ಇಬ್ಬರೂ ಹಳೆಯ ಮಾತಿಗೆ ಬಂದಿದ್ದರು. ಮದುವೆಯ ಮಾರನೆಯ ಬೆಳಿಗ್ಗೆ ಓರ್ವಲ್ ಬಾಗಿಲು ಬಡಿದು ಇಬ್ಬರನ್ನೂ ಬಾತು ಹೊಡೆಯಲು ಎಬ್ಬಿಸಿಕೊಂಡು ಹೋದದ್ದು, ಡಾಯ್ಲ್ ನಿದ್ದೆಗಣ್ಣಲ್ಲಿ ಎರಡೂ ಎಡಗಾಲಿನ ಬೂಟು ಹಾಕಿಕೊಂಡು ಬಂದದ್ದು, ಅವಳ ಅಮ್ಮ ಆ ಬಾತುಗಳನ್ನು ಕುದಿಸಿ ಗ್ರೇವಿ ಮಾಡಿ ಬಂದ ನೆಂಟರಿಗೆಲ್ಲ ಬಡಿಸಿದ್ದು.

ನವೆಂಬರಿನಲ್ಲಿ ಬೇಟೆಯ ಕಾಲ ತೆರೆದ ದಿನ ಅವನ ಜೊತೆ ಅವಳೂ ಹೋದಳು. ನೀರು ನಿಂತ ಓಕ್ ಕಾಡು, ಬೆಳಕು ಇನ್ನೂ ಬೂದಿಬಣ್ಣ. ಅವಳು ಮರಕ್ಕೆ ಬೆನ್ನು ಕೊಟ್ಟು ಕಾಲಿನಿಂದ ನೀರು ಕಲಕಿದಳು. ನೀರು ಅಲುಗಿದರೆ ಮೇಲಿನ ಹಕ್ಕಿಗೆ ಕೆಳಗೆ ಬಳಗವಿದೆ ಅನ್ನಿಸುತ್ತದೆ. ಡಾಯ್ಲ್ ಬಾತಿನ ದನಿ ಹೊರಡಿಸುವ ಪೀಪಿ ಊದಿದ. ಬಾತುಗಳು ಸುತ್ತು ಹಾಕಿ ಕೊಂಬೆಗಳ ನಡುವೆ ಕಾಲು ಚಾಚಿ ಇಳಿದವು. ಅವನು ಮೂರು ಈಡು ಹೊಡೆದ. ಖಾಲಿ ತೋಟಾಗಳು ಮೂಗಿನ ಮುಂದೆಯೇ ಹಾರಿಹೋದವು, ಒಂದು ಟೋಪಿಗೂ ಬಡಿಯಿತು. ಬಾತು ಒಂದೂ ಬೀಳಲಿಲ್ಲ. ನೆಲ್ಡಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೂರನೆಯ ದಿನ ಒಂದು ಹಸಿರುತಲೆಯ ಗಂಡುಬಾತು ಧೊಪ್ಪೆಂದು ನೀರಿಗೆ ಬಿತ್ತು. ಡಾಯ್ಲ್ ಕೋವಿಯನ್ನು ಇಳಿಸಿ, ಹೊಸ ಮರವನ್ನು ಅಂಗೈಯಿಂದ ಒರೆಸಿ, "ಕೂರಬೇಕಾದ ಜಾಗದಲ್ಲೇ ಕೂರ್ತದೆ ನೆಲ್," ಎಂದಷ್ಟೇ ಹೇಳಿದ.

ಮತ್ತೆ ಮದುವೆಯಾಗಲಿಲ್ಲ ಅವರು. ಊರವರು ಕೇಳಿದರೆ ನೆಲ್ಡಾ, ಒಂದೇ ತಪ್ಪನ್ನು ಎರಡು ಸಲ ಮಾಡುವ ವಯಸ್ಸಲ್ಲ ಎನ್ನುತ್ತಿದ್ದಳು. ಆದರೆ ನಾಲ್ಕು ಚಳಿಗಾಲ ಒಂದನ್ನೂ ಬಿಡದೆ ಕಾಡಿಗೆ ಹೋದರು. ಐದನೆಯ ವರ್ಷ ಅವನ ಎಡಗಣ್ಣೂ ಮಂಕಾಯಿತು. ಯಾರೋ ಗೆಳೆಯ ಕಾರಿನಲ್ಲಿ ಕರೆತಂದು ಬಿಟ್ಟ. ಡಾಯ್ಲ್ ತಡವಿಕೊಂಡು ಗ್ಯಾರೇಜಿನೊಳಗೆ ಬಂದು ಚೀಲವನ್ನು ಅವಳ ತೋಳಿಗೆ ಕೊಟ್ಟ.

"ನಿನ್ನ ಅಪ್ಪಂದು. ಬಲಗಡೆಗೆ ತಿರುಗಿಸ್ಕೋ. ನಿನಗೇನು, ಒಂದು ವಾರದ ಕೆಲಸ."

ಹೌದು, ಬೇರೆ ಮರ ಕಡೆದು ಹಾಕಿಕೊಳ್ಳುವುದು ಅವಳಿಗೆ ಕಷ್ಟವಿರಲಿಲ್ಲ. ಹಲಗೆಗಳೂ ಇದ್ದವು. ಅವನು ಹೋದ ಮೇಲೆ ಬೆಂಚಿನ ಮೇಲೆ ಕೋವಿಯನ್ನು ಇಟ್ಟುಕೊಂಡು ಬಹಳ ಹೊತ್ತು ಕೂತಳು. ತಿರುಪಿಗೆ ಕೈಹಾಕಲು ಮನಸ್ಸಾಗಲಿಲ್ಲ. ಎದ್ದು, ಅದನ್ನು ತನ್ನ ಎಡಹೆಗಲಿಗೆ ಕೊಟ್ಟು ನೋಡಿದಳು. ಮರ ಉದ್ದವಾಗಿತ್ತು, ಅವನ ತೋಳಿನಷ್ಟು ಉದ್ದ. ಕೈಯೆಲ್ಲ ಎಡವಟ್ಟು. ಹಗಲೆಲ್ಲ ಖಾಲಿ ಕೋವಿಯನ್ನು ಏರಿಸಿ ಇಳಿಸಿ, ಏರಿಸಿ ಇಳಿಸಿ, ಆ ಬೇಸಿಗೆಯೆಲ್ಲ ಎಪ್ಪತ್ತರ ಹೆಂಗಸು ಎಡಗೈಯಲ್ಲಿ ಬೇಟೆ ಕಲಿತಳು.

ಆ ಚಳಿಗಾಲ ಅವಳೇ ದೋಣಿ ನಡೆಸಿಕೊಂಡು ಹೋದಳು. ಡಾಯ್ಲ್ ಕಂಬಳಿ ಹೊದ್ದು ದೋಣಿಯಲ್ಲಿ ಕೂತು ಪೀಪಿ ಊದುತ್ತಿದ್ದ. ಕಣ್ಣು ಹೋದ ಮೇಲೆ ಅವನ ಊದು ಇನ್ನೂ ಹದವಾಗಿತ್ತು. ರೆಕ್ಕೆಯ ಸದ್ದು ಕೇಳಿಸಿಕೊಂಡು, ನಿನ್ನ ಎಡಕ್ಕೆ, ಮೇಲೆ, ಈಗ ತಿರುಗಿದವು ಎಂದು ಪಿಸುಗುಟ್ಟುತ್ತಿದ್ದ. ನೆಲ್ಡಾ ಎದ್ದು ನಿಂತು ಹೊಡೆದಳು. ಸದ್ದು ಕಾಡಿನ ತುಂಬ ಉರುಳಿಹೋಯಿತು.

"ಬಿತ್ತಾ?" ಅಂದ ಡಾಯ್ಲ್, ನೀರಿನ ಕಡೆ ಕಿವಿಗೊಟ್ಟು.

"ಇಲ್ಲ."

"ಮುಂದೆ ಹೊಡಿಬೇಕು ಕಣೇ. ಹಕ್ಕಿ ನಿನಗೋಸ್ಕರ ನಿಂತ್ಕೊಳಲ್ಲ."

ಗೊತ್ತು, ಊದು ಎಂದು ಅವಳು ತೋಟಾ ತುಂಬಿಕೊಂಡಳು. ಅವನು ಊದಿದ.