ಗುಜರಿಗೆ ಹೋದ ಡಿಸ್ಕು

ತನ್ವೀರನ ಬೆರಳು ಮೌಸನ್ನು ಒತ್ತುವಷ್ಟರಲ್ಲಿ ರಹೀಮಾ ಅವನ ಮಣಿಕಟ್ಟು ಹಿಡಿದುಕೊಂಡಳು.

"ಒತ್ತಬ್ಯಾಡ."

"ಚಾಚಿ, ಒತ್ತದೇ ಹ್ಯಾಂಗ ಆಗ್ತದ? ಫಾರ್ಮ್ಯಾಟ್ ಮಾರ್ನಾಚ್ ಪಡೇಗಾ. ಬೇರೆ ರಸ್ತಾ ಇಲ್ಲ," ಎಂದ ತನ್ವೀರ. ಗಲ್ಲಿಯ ಬಾಯಲ್ಲಿ ಮೊಬೈಲ್ ಅಂಗಡಿ ಇಟ್ಟವನು ಅವನು. ಕಲಬುರ್ಗಿಯವರ ಮಗನಾದರೂ ಹುಟ್ಟಿ ಬೆಳೆದದ್ದು ಧಾರಾವಿಯಲ್ಲೇ. ಅವನ ಕನ್ನಡ ಎರಡು ಹೆಜ್ಜೆ ನಡೆದು ಮೂರನೆಯದಕ್ಕೆ ಹಿಂದಿಯ ಹೆಗಲು ಹಿಡಿಯುತ್ತಿತ್ತು. "ಪುರಾನಾ ವಿಂಡೋಸ್ ಹಳೇ ಡಿಸ್ಕ್ ಜೋಡಿ ಹೋಯ್ತು. ಈಗ ಎಲ್ಲಾ ಸಾಫ್ ಮಾಡಿ ಹೊಸದು ಹಾಕ್ತೀನಿ. ಏಕದಂ ಫಾಸ್ಟ್ ಆಗ್ತದ."

"ಎಲ್ಲಾ ಸಾಫ್ ಅಂದ್ರ, ನನ್ನ ಡಿಸೈನು?"

ತನ್ವೀರ ತಲೆ ಕೆರೆದುಕೊಂಡ. "ಅದೂ ಹಳೇ ಡಿಸ್ಕ್‌ನಾಗೇ ಇತ್ತೇನೋ, ಚಾಚಿ."

ಅಷ್ಟರಲ್ಲಿ ಅವನ ಅಂಗಡಿಯಿಂದ ಫೋನು ಬಂತು. ಹೊಸ ವಿಂಡೋಸ್ ಹಾಕಲು ತಂದ ಪೆನ್‌ಡ್ರೈವನ್ನು ಕಂಪ್ಯೂಟರಿನಲ್ಲೇ ಬಿಟ್ಟು, ಗಿರಾಕಿಯನ್ನು ಕಳಿಸಿ ಬರುತ್ತೇನೆ, ಅಲ್ಲಿಯವರೆಗೆ ಏನೂ ಮುಟ್ಟಬೇಡಿ ಎಂದು ಹೇಳಿ ಅವನು ಏಣಿಮೆಟ್ಟಿಲಿಳಿದು ಹೋದ. ರಹೀಮಾ ಪರದೆಯ ಮುಂದೆ ಒಬ್ಬಳೇ ಉಳಿದಳು. ಕಿಟಕಿಯಷ್ಟು ದೊಡ್ಡ ಹೊಸ ಪರದೆ. ನಟ್ಟನಡುವೆ ದಪ್ಪ ಅಕ್ಷರದಲ್ಲಿ ‘ಇನ್‌ಸ್ಟಾಲ್ ನೌ’ ಎಂದಿತ್ತು. ಅದನ್ನು ಓದಲು ಅವಳಿಗೆ ಕನ್ನಡಕವೂ ಬೇಕಿರಲಿಲ್ಲ.

ಬೆನ್ನ ಹಿಂದೆ ಕಸೂತಿಯ ಎರಡು ದೊಡ್ಡ ಯಂತ್ರಗಳು ಬಾಯಿ ಮುಚ್ಚಿಕೊಂಡು ನಿಂತಿದ್ದವು. ಹೂವಾಗಲಿ ಬಳ್ಳಿಯಾಗಲಿ, ಯಂತ್ರಕ್ಕೆ ತಿಳಿಯುವ ಹಾಗೆ ಒಂದೊಂದೇ ಹೊಲಿಗೆ ಬಿಡಿಸಿ ಕಂಪ್ಯೂಟರಿನಲ್ಲಿ ಕೂರಿಸುವುದಕ್ಕೆ ಕಾರಖಾನೆಗಳಲ್ಲಿ ಪಂಚಿಂಗ್ ಎನ್ನುತ್ತಾರೆ. ಆ ಕೆಲಸ ಮೊದಲಿನಿಂದಲೂ ರಹೀಮಾಳದು. ಗಂಡ ಜಮಾಲಸಾಬ ಯಂತ್ರ ನಡೆಸುತ್ತಿದ್ದ. ಏನು ಹೊಲಿಯಬೇಕೆಂದು ಯಂತ್ರಕ್ಕೆ ಬುದ್ಧಿ ಹೇಳುವವಳು ಅವಳು. ತವರೂರು ಇಂಡಿಯಲ್ಲಿ ಅವಳ ಅಜ್ಜಿ ಹೊಲಿಯುತ್ತಿದ್ದ ಕೌದಿಯ ಅಂಚು ಈಗ ಮಲಾಡಿನ ಹೆಂಗಸರ ಸೀರೆಯ ಸೆರಗಿನಲ್ಲಿ ಓಡಾಡುತ್ತಿದ್ದರೆ ಅದಕ್ಕೆ ರಹೀಮಾಳೇ ಕಾರಣ.

ಆದರೆ ಹೊಸದನ್ನು ಬಿಡಿಸುವುದು ಈಗ ಅವಳಿಂದ ಆಗದು. ಸಕ್ಕರೆ ಕಾಯಿಲೆ ಕಣ್ಣಿಗಿಳಿದು, ಸಣ್ಣ ಗೆರೆಯೆಲ್ಲ ನೀರೊಳಗೆ ಅಲ್ಲಾಡಿದ ಹಾಗೆ ಕಾಣುತ್ತಿತ್ತು. ಹಳೆಯ ಡಿಸೈನನ್ನೇ ತೆಗೆದು, ಇಲ್ಲಿಯ ಎಲೆ ಅಲ್ಲಿಟ್ಟು, ಅಲ್ಲಿಯ ಮೊಗ್ಗು ಇಲ್ಲಿಟ್ಟು ಹೊಸ ಗಿರಾಕಿಗೆ ಕೊಡುತ್ತಿದ್ದಳು. ಗಿರಾಕಿಗಳಿಗೆ ಇದು ತಿಳಿಯುತ್ತಿರಲಿಲ್ಲ. ಜಮಾಲಸಾಬನಿಗೆ ತಿಳಿದಿತ್ತು, ಅವನು ಬಾಯಿ ಬಿಡುತ್ತಿರಲಿಲ್ಲ. ಆ ಡಿಸೈನುಗಳು ಹೋದರೆ ರಹೀಮಾಳ ಕೈಯಲ್ಲಿ ಕೆಲಸವೇ ಇಲ್ಲ. ಇನ್ನೊಮ್ಮೆ ಬಿಡಿಸೋಣವೆಂದರೆ ಆ ಕಣ್ಣನ್ನು ಎಲ್ಲಿಂದ ತರುವುದು?

ತಪ್ಪು ನಡೆದದ್ದು ಪ್ರೀತಿಯಿಂದ. ಬೈಯುವುದಕ್ಕೂ ಕಷ್ಟವಾಗುವುದು ಇಂಥ ತಪ್ಪುಗಳನ್ನೇ. ನಿನ್ನೆ ಅವಳು ಕಣ್ಣಿಗೆ ಲೇಸರ್ ಮಾಡಿಸಿಕೊಳ್ಳಲು ನಾದಿನಿಯ ಜೊತೆ ಪರೇಲಿನ ಆಸ್ಪತ್ರೆಗೆ ಹೋಗಿದ್ದಳು. ಅವಳು ಬರುವಷ್ಟರಲ್ಲಿ ದೊಡ್ಡ ಪರದೆ, ಚುರುಕಾದ ಹೊಸ ಡಿಸ್ಕು ಎರಡನ್ನೂ ಹಾಕಿಸಿ ಬೆರಗುಗೊಳಿಸಬೇಕೆಂದು ಜಮಾಲಸಾಬ ತನ್ವೀರನನ್ನು ಕರೆಸಿದ. ಕಂಪ್ಯೂಟರಿನ ಹೊಟ್ಟೆಯಲ್ಲಿ ಎರಡು ಡಿಸ್ಕುಗಳಿದ್ದವು: ಮೊದಲಿನ ಸಣ್ಣದು, ಆಮೇಲೆ ಹಾಕಿಸಿದ ದೊಡ್ಡದು. ಸಣ್ಣದು ಮುದಿಯಾಗಿದೆ, ಎಲ್ಲ ನಿಧಾನವಾಗುವುದು ಅದರಿಂದಲೇ ಎಂದು ತನ್ವೀರ ಅದನ್ನು ಕಿತ್ತು, ಆ ಜಾಗದಲ್ಲಿ ಹೊಸದನ್ನು ಕೂರಿಸಿದ.

ಬೇರೆ ಊರಾಗಿದ್ದರೆ ಕಿತ್ತ ಡಿಸ್ಕು ಯಾವುದಾದರೂ ಗೂಡಿನಲ್ಲಿ ವರ್ಷಗಟ್ಟಲೆ ಧೂಳು ತಿನ್ನುತ್ತ ಬಿದ್ದಿರುತ್ತಿತ್ತು. ಈ ಗಲ್ಲಿಯಲ್ಲಿ ಹಾಗಲ್ಲ. ಇಲ್ಲಿ ಕಾಲು ಚಾಚಲಿಕ್ಕೇ ಜಾಗವಿಲ್ಲ, ಕೆಲಸಕ್ಕೆ ಬಾರದ್ದು ಒಂದು ಸಂಜೆಯೂ ಮನೆಯಲ್ಲಿ ಉಳಿಯುವುದಿಲ್ಲ. ನೂಲಿನ ಖಾಲಿ ಕೊಳವೆ ಒಯ್ಯಲು ಗುಜರಿಯವನ ಕೈಗಾಡಿ ಬಂದಾಗ ಜಮಾಲಸಾಬ ಆ ಡಿಸ್ಕನ್ನೂ ಮೇಲಿಟ್ಟು ಕಳಿಸಿದ. ಆಮೇಲೆ ಹೆಂಡತಿ ಬಂದಳು. ಅವಳನ್ನು ಮದುಮಗಳ ಹಾಗೆ ಕುರ್ಚಿಯಲ್ಲಿ ಕೂರಿಸಿ, ಬಿಸ್ಮಿಲ್ಲಾ ಎಂದು ಸ್ವಿಚ್ಚು ಒತ್ತಿದ. ಕಾರಖಾನೆ ಶುರುವಾದ ದಿನದಿಂದ ಆ ಸ್ವಿಚ್ಚು ಅವನದೇ. ಅವನು ಒತ್ತಬೇಕು, ಅವಳು ಕೂರಬೇಕು. ದೊಡ್ಡ ಪರದೆಯ ಮೇಲೆ ಕಗ್ಗತ್ತಲು ಬಂತು, ಮೂಲೆಯಲ್ಲಿ ಬಿಳಿಯ ಒಂದೇ ಸಾಲು. ಆಪರೇಟಿಂಗ್ ಸಿಸ್ಟಮ್ ಸಿಗಲಿಲ್ಲ ಎಂದು ಅದರರ್ಥ.

ಆ ಮನೆಯಲ್ಲಿ ಸಂಸಾರ ನಡೆಯುವುದು ದಖನಿ ಉರ್ದುವಿನಲ್ಲಿ, ಜಗಳ ನಡೆಯುವುದು ಕನ್ನಡದಲ್ಲಿ. ಇವತ್ತು ಬೆಳಿಗ್ಗೆ ಚಹಾ ಕೊಡುವಾಗ ರಹೀಮಾ ಕನ್ನಡದಲ್ಲಿ ಹೇಳಿದಳು: "ನನ್ನ ಕಣ್ಣ ತಗದು ಭಂಗಾರ್‌ವಾಲಾನ ಗಾಡಿ ಮ್ಯಾಲ ಇಟ್ಟೀರಿ ನೀವು."

ಜಮಾಲಸಾಬ ಲೋಟವನ್ನು ಹಾಗೆಯೇ ಕೆಳಗಿಟ್ಟ. "ತರ್ತೀನಿ," ಎಂದಷ್ಟೇ ಅಂದು ಹೊರಟುಹೋದ. ಫೋನನ್ನೂ ಒಯ್ಯಲಿಲ್ಲ. ಗುಜರಿಯ ಗೋದಾಮುಗಳ ಆ ಕಡೆಯ ಓಣಿಗಳಲ್ಲಿ ಒಂದು ಡಿಸ್ಕು ಹುಡುಕುವುದೆಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು. ಅವನು ಹೋದ ಮೇಲೆ ರಹೀಮಾ ಅವನ ಲೋಟದ ಮೇಲೆ ತಟ್ಟೆ ಮುಚ್ಚಿಟ್ಟಳು. ಕರೆದು ಚಹಾ ಕುಡಿಸೋಣವೆಂದರೆ ಅವನ ಫೋನು ಅವಳೆದುರಿಗೇ ಬಿದ್ದಿತ್ತು.

ಈಗ ಅವಳ ಫೋನು ಸದ್ದು ಮಾಡಿತು. ಕರೆದವಳು ಮಲಾಡಿನ ಧಾತ್ರಿ. ಮೈಸೂರು ಕಡೆಯ ಹುಡುಗಿ, ಅಲ್ಲಿಯ ಆಫೀಸೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ. ತಾಯಿ ಶಾಮಲಾರ ಸೀರೆಗೆ ಅಂಚು ಹಾಕಿಸಲು ಬಂದವಳು, ಧಾರಾವಿಯ ಅಟ್ಟದ ಮೇಲೆ ಕನ್ನಡ ಕೇಳಿ ಅರ್ಧ ದಿನ ಕೂತು ಮಾತಾಡಿ ಹೋಗಿದ್ದಳು.

"ಆಂಟಿ, ಅಮ್ಮನ ಸೀರೆ ರೆಡಿ ಆಯ್ತಾ ಅಂತ ಕೇಳೋಣ ಅಂತ ಮಾಡ್ದೆ."

"ಇಲ್ಲ ಬೇಟಾ. ನಿಮ್ಮ ಅವ್ವಾರ ಸೀರಿ ಹಾಂಗೇ ಅದ. ನನ್ನ ಕಂಪ್ಯೂಟರ್ ಹೋತು. ಡಿಸೈನೆಲ್ಲಾ ಹೋದ್ವು." ಹೇಳುತ್ತ ಹೇಳುತ್ತ ರಹೀಮಾಳಿಗೆ ಅಳು ಬಂತು. ಗಂಡನೆದುರು ಬರದ ಅಳು ಗಿರಾಕಿಯೆದುರು ಬಂದದ್ದಕ್ಕೆ ನಾಚಿಕೆಯೂ ಆಯಿತು.

ಧಾತ್ರಿ ಸಮಾಧಾನ ಹೇಳಲು ಹೋಗಲಿಲ್ಲ, ಏನೇನು ನಡೆಯಿತೆಂದು ಕೇಳಿದಳು. ಎಲ್ಲವನ್ನೂ ಕೇಳಿ, "ದೊಡ್ಡ ಡಿಸ್ಕು ಒಳಗೇ ಇದೆ ತಾನೆ?" ಎಂದಳು.

"ಅದ."

"ಹಾಗಾದ್ರೆ ಅದೇನೂ ಒತ್ತಬೇಡಿ ಆಂಟಿ. ಡಿಸೈನು ಹೋಗಿಲ್ಲ ಅನ್ಸುತ್ತೆ. ನಿಮ್ಮ ಹಳೇ ಡಿಸ್ಕು ಬಿಲ್ಡಿಂಗಿನ ವಾಚ್‌ಮನ್ ಇದ್ದ ಹಾಗೆ. ಸ್ವಿಚ್ ಹಾಕಿದ ತಕ್ಷಣ, ವಿಂಡೋಸ್ ಇಂಥ ಮನೇಲಿದೆ, ಹೋಗಿ ಅಂತ ದಾರಿ ತೋರಿಸ್ತಿತ್ತು. ನೀವು ವಾಚ್‌ಮನ್ನನ್ನ ಕಳಿಸಿಬಿಟ್ಟಿದ್ದೀರ. ಮನೆ ಇದ್ದಲ್ಲೇ ಇರ್ಬೇಕು. ಕೆಳಗೆ ಎಡಗಡೆ ಮೂಲೇಲಿ ಸಣ್ಣದಾಗಿ ಏನೋ ಬರೆದಿರುತ್ತೆ, ನೋಡಿ."

ರಹೀಮಾ ನೋಡಿದಳು. ಮೂಲೆಯಲ್ಲಿ ಇರುವೆ ಸಾಲು ಹೋದಂತೆ ಏನೋ ಇತ್ತು, ಅಷ್ಟೇ. ಫೋನನ್ನು ಸ್ಪೀಕರಿಗೆ ಹಾಕಿ, ಹೊಲಿಗೆ ಪರೀಕ್ಷಿಸುವ ಭೂತಗನ್ನಡಿ ತೆಗೆದುಕೊಂಡು ಪರದೆಗೆ ಮೂಗು ತಾಗಿಸಿದಳು. ಒಂದೊಂದೇ ಅಕ್ಷರ ಗಾಜಿನಡಿ ಉಬ್ಬಿ ಬಂತು.

"ರಿಪೇರ್... ಯುವರ್... ಕಂಪ್ಯೂಟರ್."

"ಅದೇ. ಅದನ್ನ ಒತ್ತಿ."

ಇಂಥ ಮಾತನ್ನು ಅಷ್ಟು ಸಣ್ಣದಾಗಿ ಮೂಲೆಯಲ್ಲಿ ಬರೆದವನನ್ನು ರಹೀಮಾ ಮನಸ್ಸಿನಲ್ಲೇ ಚೆನ್ನಾಗಿ ಬೈದಳು. ಆಮೇಲೆ ಧಾತ್ರಿ ಹೇಳಿದ ಹಾಗೆ ಒಂದರ ಹಿಂದೊಂದು ಒತ್ತುತ್ತ ಹೋಗಿ ಕೊನೆಗೆ ಕಪ್ಪು ಪರದೆಗೆ ಬಂದು ನಿಂತಳು. ನಿನ್ನೆಯಂಥದೇ ಕಪ್ಪು, ಆದರೆ ಇದರಲ್ಲಿ ಒಂದು ಬಿಳಿ ಗೆರೆ ಮಿಟುಕುತ್ತ ಅವಳ ಮಾತಿಗೆ ಕಾಯುತ್ತಿತ್ತು. ಸಿ ಡಿಸ್ಕಿನಲ್ಲಿ ಏನಿದೆ ಎಂದು ಕೇಳುವ ಆಜ್ಞೆಯನ್ನು ಧಾತ್ರಿ ಅಕ್ಷರ ಬಿಡಿಸಿ ಹೇಳಿದಳು, ರಹೀಮಾ ಒತ್ತಿದಳು.

"ಏನು ಬಂತು ಆಂಟಿ?"

ರಹೀಮಾ ಗಾಜು ಹಿಡಿದು ಓದಿದಳು. "ಏನೂ ಇಲ್ಲ ಅಂತದ. ಖಾಲಿ ಅದ."

ಕೆಳಗೆ ಗಲ್ಲಿಯಲ್ಲಿ ಯಾರೋ ಚರ್ಮದ ಮೂಟೆ ಇಳಿಸುತ್ತಿದ್ದರು. ಧಾತ್ರಿ ನಿಧಾನವಾಗಿ ಹೇಳಿದಳು: "ಹೊಸ ಡಿಸ್ಕು ಹಾಕಿದಾರಲ್ಲ, ಅದಿರ್ಬೇಕು ಇದು. ಈ ಜಾಗದಲ್ಲಿ ಹೆಸರುಗಳೆಲ್ಲ ಅದಲುಬದಲಾಗಿರುತ್ತೆ. ಸಿ ಬದಲು ಡಿ ಹಾಕಿ ನೋಡಿ."

ರಹೀಮಾ ಡಿ ಹಾಕಿದಳು. ಸಾಲುಗಳು ಸರಸರ ಮೇಲೇರಿದವು. ಒಂದೊಂದೇ ಸಾಲಿನ ಮೇಲೆ ಭೂತಗನ್ನಡಿ ಸರಿಸುತ್ತ ಕೆಳಗಿನಿಂದ ಮೇಲಕ್ಕೆ ಓದಿದಳು. ವಿಂಡೋಸ್. ಯೂಸರ್ಸ್. ಅದರ ಮೇಲಿನ ಸಾಲಿನಲ್ಲಿ ಅವಳದೇ ಹೆಸರು: ರಹೀಮಾ ಪಂಚಿಂಗ್.

ಆ ಸಾಲನ್ನು ಅವಳು ಇನ್ನೊಮ್ಮೆ ಓದಿದಳು. ಧಾತ್ರಿ ಎರಡು ಸಲ ಆಂಟಿ, ಆಂಟಿ ಎಂದು ಕರೆದಳು.

"ಅದಾವ," ಎಂದಳು ರಹೀಮಾ. "ಎಲ್ಲಾ ಅದಾವ, ಬೇಟಾ."

"ಸರಿ. ಈಗ ಆ ಹೊಸ ಡಿಸ್ಕಿಗೇ ವಾಚ್‌ಮನ್ ಕೆಲಸ ಕೊಡೋಣ. ನಾನು ಹೇಳಿದ್ದನ್ನ ಹಾಗ್ಹಾಗೇ ಹೊಡೀರಿ. ತಪ್ಪಿದ್ರೂ ಪರ್ವಾಗಿಲ್ಲ, ಎಂಟರ್ ಒತ್ತೋ ಮುಂಚೆ ನನಗೆ ಓದಿ ಹೇಳಿ."

ಮೂರ್ನಾಲ್ಕು ಆಜ್ಞೆಗಳು. ಪ್ರತಿಯೊಂದನ್ನೂ ರಹೀಮಾ ಮಗ್ಗಿ ಒಪ್ಪಿಸುವ ಮಗುವಿನ ಹಾಗೆ ಓದಿ ಹೇಳಿಯೇ ಒತ್ತಿದಳು. ಕೊನೆಯದಕ್ಕೆ ಬೂಟ್ ಫೈಲುಗಳು ತಯಾರಾದವು ಎಂದು ಉತ್ತರ ಬಂತು. ಪೆನ್‌ಡ್ರೈವ್ ತೆಗೆದು ಮತ್ತೆ ಚಾಲೂ ಮಾಡಿದಾಗ, ಪರದೆ ಅರೆಗಳಿಗೆ ಕಪ್ಪಾಗಿದ್ದು ಬೆಳಗಿತು. ಶಾಮಲಾರ ಸೀರೆಯ ಅಂಚನ್ನು ತೆರೆದು ನೋಡಿದಳು, ನಿಲ್ಲಿಸಿದಲ್ಲೇ ನಿಂತಿತ್ತು. ಹೊಸ ಪರದೆಯಲ್ಲಿ ಅಜ್ಜಿಯ ಕೌದಿಯ ಹೂವು ಅಂಗೈಯಷ್ಟು ಅಗಲವಾಗಿ ಅರಳಿತ್ತು. ಅದರ ಎಸಳಿನ ಗೆರೆಗಳು ಭೂತಗನ್ನಡಿಯಿಲ್ಲದೆ ಅವಳಿಗೆ ಕಂಡವು. ಎಷ್ಟೋ ತಿಂಗಳಾಗಿತ್ತು ಹಾಗೆ ಕಂಡು.

ತನ್ವೀರ ಬಂದು ನೋಡಿ ಬಾಯಿ ಬಿಟ್ಟ. ನಾನು ಒತ್ತಿಬಿಟ್ಟಿದ್ದರೆ ಎಂದು ಬೆವರೊರೆಸಿಕೊಂಡ. ಪಾಪದ ಹುಡುಗ, ಅವನ ಮೇಲೆ ರಹೀಮಾಳಿಗೆ ಸಿಟ್ಟು ಉಳಿದಿರಲಿಲ್ಲ. "ಚಾಚಿ, ಆ ಮೇಡಂದು ನಂಬರ್ ಕೊಡಿ, ನಾನೂ ಕಲೀತೀನಿ," ಎಂದು ಬರೆದುಕೊಂಡು, ಪೆನ್‌ಡ್ರೈವ್ ಜೇಬಿಗಿಳಿಸಿ ಹೋದ.

ಯಂತ್ರ ಶುರುಮಾಡಬಹುದಿತ್ತು. ರಹೀಮಾ ಮಾಡಲಿಲ್ಲ. ಕಂಪ್ಯೂಟರನ್ನು ಆರಿಸಿ, ಅನ್ನಕ್ಕಿಟ್ಟು, ಗಲ್ಲಿ ಕಾಣುವ ಕಿಟಕಿಯಲ್ಲಿ ಕೂತಳು. ಅಲ್ಲಿಂದ ಮನುಷ್ಯರ ಮುಖ ಅವಳಿಗೆ ಕಾಣುತ್ತಿರಲಿಲ್ಲ, ನಡಿಗೆ ಕಾಣುತ್ತಿತ್ತು.

ಸಂಜೆಯ ಮಗ್ರಿಬ್ ಅಜಾನ್ ಮುಗಿಯುವ ಹೊತ್ತಿಗೆ ಆ ನಡಿಗೆ ಕಂಡಿತು. ಜಮಾಲಸಾಬ ಹೆಗಲ ಮೇಲೊಂದು ಗೋಣಿಚೀಲ ಹೊತ್ತು, ಗೋಡೆ ಹಿಡಿದು ಹಿಡಿದು ಏಣಿಮೆಟ್ಟಿಲು ಹತ್ತಿ ಬಂದ. ಮೊಣಕೈವರೆಗೆ ಮಸಿ, ಅಂಗಿಯ ತೋಳು ಹರಿದಿತ್ತು. ಚೀಲವನ್ನು ನೆಲದ ಮೇಲೆ ಸುರಿದ. ಹತ್ತು ಹನ್ನೆರಡು ಡಿಸ್ಕುಗಳು ಲೊಟಲೊಟನೆ ಉರುಳಿದವು.

"ನಮ್ಮದು ಯಾವುದಂತ ಗೊತ್ತಾಗ್ಲಿಲ್ಲ," ಎಂದ. "ನಿನ್ನೆ ಬಂದದ್ದೆಲ್ಲಾ ಒಂದೇ ಗುಂಪಿ ಹಾಕಿದ್ರು. ಎಲ್ಲಾ ತಂದೀನಿ. ಇದರಾಗ ಒಂದು ನಮ್ಮದಿದ್ದೇ ಇರ್ತದ. ತನ್ವೀರಗ ಕರೀತೀನಿ, ಒಂದೊಂದೇ ಹಚ್ಚಿ ನೋಡ್ಲಿ."

ಇಡೀ ದಿನ ಅವನು ಒಂದೊಂದೇ ಡಿಸ್ಕನ್ನು ತಿರುಗಿಸಿ ನೋಡುತ್ತ ಕುಕ್ಕರಗಾಲಲ್ಲಿ ಕೂತದ್ದು ರಹೀಮಾಳ ಕಣ್ಣಿಗೆ ಕಟ್ಟಿತು.

"ಮೊದಲ ಕೈ ತೊಳ್ಕೋರಿ. ಆಮ್ಯಾಲ ಸ್ವಿಚ್ ಹಾಕ್ರಿ."

"ಹಾಕಿದ್ರ ಏನ್ ಬರ್ತದ ರಹೀಮಾ? ಅದೇ ಕರೀ ಪರದಾ."

"ಹಾಕ್ರಿ ಅಂದೆ."

ಅವನು ಕೈ ತೊಳೆದು ಬಂದ. ಅವಳು ಕುರ್ಚಿಯಲ್ಲಿ ಕೂತಳು. ಬಿಸ್ಮಿಲ್ಲಾ ಎಂದು ಅವನು ಒತ್ತಿದ್ದು ಅರೆಮನಸ್ಸಿನಿಂದ. ಪರದೆ ಬೆಳಗಿ, ಅವಳು ಮೌಸು ಆಡಿಸಿ, ಕೌದಿಯ ಹೂವು ಅರಳಿದಾಗ ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ. ಹೂವನ್ನು ನೋಡಿದ, ನೆಲದ ಮೇಲಿನ ಡಿಸ್ಕುಗಳನ್ನು ನೋಡಿದ.

"ಧಾತ್ರಿ ಫೋನಿನಾಗ ಹೇಳಿಕೊಟ್ಳು. ನಾನೇ ಮಾಡ್ದೆ," ಎಂದಳು ರಹೀಮಾ. "ಡಿಸೈನೆಲ್ಲಾ ದೊಡ್ಡ ಡಿಸ್ಕಿನಾಗೇ ಇದ್ವು. ನೀವು ತಂದ ಹೊಸದು ಈಗ ಬಾಗಿಲಾ ಕಾಯಲಿಕ್ಕೆ ಕುಂತದ."

"ಹಂಗಾದ್ರ ನಾ ಸುಮ್ಮನ ಹೋದೆ."

"ಮುಂಜಾನೆ ನಾ ಅಂದದ್ದು ತಪ್ಪು. ಅನ್ನಬಾರದಿತ್ತು." ಅವಳು ತಿರುಗಿ ನೋಡದೆ ಹೇಳಿದಳು. "ಪರದಾ ಛಲೋ ಅದ. ಹೂವಿನ ಗೆರಿ ಕಾಣ್ತಾವ ನನಗ."

ಜಮಾಲಸಾಬ ಅವಳ ಹಿಂದೆಯೇ ನಿಂತು ಮೂಗು ಒರೆಸಿಕೊಂಡದ್ದು ಕೇಳಿಸಿತು. ಆಮೇಲೆ ಅನ್ನಕ್ಕೆ ಕೂತಾಗ ಇಬ್ಬರೂ ದಖನಿಯಲ್ಲಿ ಮಾತಾಡಿದರು.

ಮರುದಿನ ಬೆಳಿಗ್ಗೆ ಯಂತ್ರಗಳೆರಡೂ ಓಡುತ್ತಿದ್ದವು. ಕೆಳಗೆ ಕೈಗಾಡಿ ನಿಂತ ಸದ್ದಾಗಿ, ಗುಜರಿಯವನು ಭಂಗಾರ್ ಇದೆಯಾ ಎಂದು ಕೂಗಿದ. ಜಮಾಲಸಾಬ ಖಾಲಿ ಕೊಳವೆಗಳನ್ನು ಚೀಲಕ್ಕೆ ತುಂಬಿ, ಗೋಡೆಯ ಪಕ್ಕ ಪೇರಿಸಿಟ್ಟ ಡಿಸ್ಕುಗಳಿಗೆ ಕೈ ಹಾಕಿದ, ಹಾಕಿದ ಕೈ ಅಲ್ಲೇ ನಿಂತಿತು.

ಬೇರೆ ಬೇರೆ ಅಂಗಡಿಗಳಿಂದ ಬಂದ ಬಟ್ಟೆ ಬೆರೆಯದಿರಲೆಂದು ಆ ಕಾರಖಾನೆಯಲ್ಲಿ ಪ್ರತಿ ತುಂಡಿಗೂ ಒಂದೊಂದು ಬಣ್ಣದ ದಾರ ಕಟ್ಟುವ ರೂಢಿ. ಕೆಂಪು ಒಬ್ಬರದು, ಹಳದಿ ಇನ್ನೊಬ್ಬರದು. ಹಸಿರು ಮನೆಯದು, ಹಸಿರು ಕಟ್ಟಿದ್ದನ್ನು ಯಾರಿಗೂ ಕೊಡುವಂತಿಲ್ಲ. ಒಂದೊಂದು ಡಿಸ್ಕಿನ ತಿರುಪಿನ ತೂತಿಗೂ ಹಸಿರು ದಾರ ಪೋಣಿಸಿತ್ತು. ಗಂಟುಗಳು ಒಂದೂ ನೆಟ್ಟಗಿರಲಿಲ್ಲ, ಕಣ್ಣು ಕಾಣದೆ ತಡಕಾಡಿ ಕಟ್ಟಿದ ಹಾಗೆ ಕೆಲವಕ್ಕೆ ಎರಡೆರಡು ಬಿದ್ದಿದ್ದವು.

ರಹೀಮಾ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಶಾಮಲಾರ ಸೀರೆಯ ಸೆರಗು ಮೇಜಿನ ಮೇಲೆ ಹಾಸಿತ್ತು, ಫ್ಯಾನಿನ ಗಾಳಿಗೆ ಮತ್ತೆ ಮತ್ತೆ ಏಳುತ್ತಿತ್ತು. ಜಮಾಲಸಾಬ ನಾಲ್ಕು ಡಿಸ್ಕು ಎತ್ತಿಕೊಂಡು ಬಂದು, ಸೆರಗಿನ ನಾಲ್ಕು ಮೂಲೆಗೆ ಒಂದೊಂದಾಗಿ ಇಟ್ಟ.